ಟಚಪ್ ಮಾಡಿದ ತಲೆ

ತನ್ನ ನೆತ್ತಿಯನ್ನು ತಾನೇ ನೋಡಿಕೊಳ್ಳುವ ಸೌಕರ್ಯವನ್ನು ದೇವರು ಮನುಷ್ಯನಿಗೆ ಕೊಟ್ಟಿಲ್ಲ. ಹಾಗಾಗಿ ಅಲ್ಲಿ ಏನು ನಡೆಯುತ್ತಿದೆ ಎಂಬುದು ಮೊದಲು ಊರಿಗೆ ಗೊತ್ತಾಗುತ್ತದೆ. ಊರವರು ನೋಡಿ, ಮಾತಾಡಿಕೊಂಡು, ಒಂದಿಷ್ಟು ಮರುಕಪಟ್ಟು, ಮರೆತೂ ಆದ ಮೇಲೆ ಸುದ್ದಿ ತಲೆಯ ಮಾಲೀಕನಿಗೆ ತಲುಪುತ್ತದೆ. ನನಗೆ ತಲುಪಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ತಿಪಟೂರಿನ ಒಂದು ಕ್ಷೌರದಂಗಡಿಯಲ್ಲಿ. ಕತ್ತರಿ ಕೆಲಸ ಮುಗಿಸಿದವನು ನನ್ನ ತಲೆಯ ಹಿಂದೆ ಇನ್ನೊಂದು ಕನ್ನಡಿ ಹಿಡಿದು, "ಹಿಂದ್ಗಡೆ ಸರಿಯಾಗೈತಾ ನೋಡ್ಕಳಿ ಸಾ" ಅಂದ. ಎದುರಿನ ಕನ್ನಡಿಯಲ್ಲಿ ಅಂಗೈಯಗಲದ ಒಂದು ಬೋಳು ಹೊಳೆಯುತ್ತಿತ್ತು. ಪಾಪ, ಯಾರದಪ್ಪಾ ಇದು ಎಂದು ಪಕ್ಕದ ಕುರ್ಚಿಯ ಕಡೆ ತಿರುಗಿದೆ. ಕನ್ನಡಿಯೊಳಗಿನ ಬೋಳೂ ನನ್ನ ಜೊತೆಯಲ್ಲೇ ತಿರುಗಿತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನನಗೆ ಬಸ್ ನಿಲ್ದಾಣದ ಹತ್ತಿರ ಒಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣಗಳಿಗೆ ಹೋಗುತ್ತಿದ್ದೆನಾದರೂ ಅನ್ನ ಹಾಕುತ್ತಿದ್ದುದು ಪಾಸ್‌ಪೋರ್ಟ್ ಅಳತೆಯ ಫೋಟೋಗಳು. ಅದರಲ್ಲೂ ಜನ ನನ್ನ ಹತ್ತಿರ ಬರುತ್ತಿದ್ದುದು ಟಚಪ್ಪಿಗೆ. ನೆಗೆಟಿವ್ ಮೇಲೆ ಮೊನಚಾದ ಪೆನ್ಸಿಲ್ಲಿನಿಂದ ಮೆಲ್ಲಗೆ ತೀಡಿದರೆ ಮೊಡವೆ, ಮಚ್ಚೆ, ಸಿಡುಬಿನ ಕಲೆ ಎಲ್ಲ ಮಾಯ. ಪ್ರಿಂಟ್ ಮೇಲೆ ಕಪ್ಪು ಮಸಿಯ ಕುಂಚ ಆಡಿಸಿದರೆ ಇಲ್ಲದ ಹುಬ್ಬು, ಇಲ್ಲದ ಮೀಸೆ ಪ್ರತ್ಯಕ್ಷ. ಮದುವೆಯ ವಯಸ್ಸಿಗೆ ಬಂದ ಗಂಡುಹೆಣ್ಣುಗಳಿಗೆ ಅವರು ಕೇಳದೆಯೇ ನಾನು ಈ ಉಪಕಾರ ಮಾಡುತ್ತಿದ್ದೆ. ನನ್ನಿಂದಾಗಿ ಎಷ್ಟು ಮನೆಗಳಲ್ಲಿ ದೀಪ ಹೊತ್ತಿತೋ ಎಂದು ಒಬ್ಬನೇ ಕೂತು ಹೆಮ್ಮೆಪಟ್ಟುಕೊಂಡದ್ದೂ ಉಂಟು. ಮದುವೆಯಾದ ಮೇಲೆ ಅವರು ಒಬ್ಬರನ್ನೊಬ್ಬರು ನೋಡಿ ಏನಂದುಕೊಂಡರು ಎಂದು ಮಾತ್ರ ವಿಚಾರಿಸಲು ಹೋಗಿರಲಿಲ್ಲ.

ತಲೆಯ ಸಂಗತಿ ನನಗೇ ತಿಳಿದ ಮೇಲೆ ಉಪಚಾರ ಶುರುವಾಯಿತು. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಎಣ್ಣೆಗೇನು ಬರ? ಅಮ್ಮ ದಾಸವಾಳ ಹಾಕಿ ಕಾಯಿಸಿದಳು, ಮೆಂತ್ಯ ಹಾಕಿ ಕಾಯಿಸಿದಳು, ಕರಿಬೇವು ಹಾಕಿ ಕಾಯಿಸಿದಳು. ಒಗ್ಗರಣೆ ಒಂದು ಬಾಕಿ. ಕೂದಲು ಬರಲಿಲ್ಲ, ಇದ್ದ ಬೋಳಿಗೆ ಹೊಳಪು ಬಂತು. ನಮ್ಮ ಕಡೆ ದೇವರಿಗೆ ಒಡೆಯುವ ಕಾಯಿಗೆ ಜುಟ್ಟು ಬಿಟ್ಟು ಸುಲಿಯುತ್ತಾರೆ, ಕೊಬ್ಬರಿ ಗಿಟುಕಿಗಾದರೆ ಒಂದು ನಾರೂ ಉಳಿಸುವುದಿಲ್ಲ. ನಾನು ಮೊದಲನೆಯ ಗುಂಪಿನಿಂದ ಎರಡನೆಯದಕ್ಕೆ ದಿನವೂ ಸರಿಯುತ್ತಿದ್ದೆ.

ಅಷ್ಟರಲ್ಲಿ ನನ್ನ ಸೋದರಮಾವ ಹೆಣ್ಣು ಹುಡುಕಲು ಹೊರಟ. "ಒಂದು ಒಳ್ಳೇ ಫೋಟೋ ಕೊಡ್ಲಾ. ನೀನೇ ಫೋಟೋದವನು, ನಿಂಗೇನು ಕಷ್ಟ" ಅಂದ. ಕಷ್ಟ ಅದೇ. ನನ್ನ ಫೋಟೋವನ್ನು ಮೇಜಿನ ಮೇಲಿಟ್ಟುಕೊಂಡು ಕುಂಚ ತೆಗೆದೆ. ಒಂದೆರಡು ಎಳೆ ಸಾಕು ಅಂತಲೇ ಶುರುಮಾಡಿದ್ದು. ಆದರೆ ಕೈ ಅಭ್ಯಾಸದ ಕೈ, ಸುಮ್ಮನಿರಬೇಕಲ್ಲ! ಮುಗಿಸಿ ನೋಡಿದರೆ ಹಣೆಯ ಮೇಲೆ ಒಂದು ಅಲೆ ಎದ್ದು ಎಡಕ್ಕೆ ಬಾಗಿತ್ತು. ಅಂಥ ಕೂದಲು ನನಗೆ ಕಾಲೇಜಿನಲ್ಲೂ ಇರಲಿಲ್ಲ. ಮಾವ ಅದನ್ನು ನೋಡಿ, ನನ್ನನ್ನು ನೋಡಿ, ಜೇಬಿಗೆ ಹಾಕಿಕೊಂಡು ಹೋದ.

ತಿಂಗಳೊಳಗೆ ಹುಳಿಯಾರಿನಿಂದ ಒಂದು ಸಂಬಂಧ ಬಂತು. ಹುಡುಗಿ ಶಶಿಕಲಾ, ಟಿ.ಸಿ.ಎಚ್. ಮುಗಿಸಿ ಕಂದಿಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮಾವ ಅವಳ ಫೋಟೋ ತಂದ. ಅರ್ಜಿಗೆಂದು ತೆಗೆಸಿದ ಪಾಸ್‌ಪೋರ್ಟ್ ಫೋಟೋಗಳಲ್ಲಿ ಮಿಕ್ಕಿದ್ದನ್ನು ಸಂಬಂಧ ನೋಡಲು ಕೊಡುವುದು ಆಗ ಎಲ್ಲ ಮನೆಗಳ ಪದ್ಧತಿ. ಅದನ್ನು ಒಂದು ರಟ್ಟಿಗೆ ಅಂಟಿಸಿದ್ದರು. ನೇರ ನೋಟ, ನಗುವುದೋ ಬೇಡವೋ ಎಂದು ಯೋಚಿಸುತ್ತಿರುವ ತುಟಿ. ಕೆನ್ನೆ ನುಣುಪಾಗಿತ್ತು. ತೆಗೆದವನು ಕೆಲಸ ಬಲ್ಲವನು ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಮುಖ ನನಗೆ ತುಂಬ ಹಿಡಿಸಿತು. ಹಿಡಿಸಿದ್ದರಿಂದಲೇ ಭಯವಾಯಿತು. ಅವರ ಮನೆಯ ಗೋಡೆಯ ಮೊಳೆಗೋ ದೇವರ ಗೂಡಿಗೋ ನನ್ನ ಅಲೆಗೂದಲಿನ ಫೋಟೋ ಸಿಕ್ಕಿಸಿರುತ್ತಾರೆ, ಅದರ ಕೆಳಗೆ ನಾನು ಈ ತಲೆ ಹೊತ್ತು ಹೋಗಿ ನಿಲ್ಲಬೇಕು.

ಆಗಲೇ ಪತ್ರಿಕೆಯಲ್ಲಿ ಆ ಜಾಹೀರಾತು ಕಂಡಿದ್ದು. ಬೆಂಗಳೂರಿನಲ್ಲಿ ತಲೆಗೆ ಕೂದಲು ನಾಟಿ ಮಾಡುತ್ತಾರಂತೆ. ಜಾಹೀರಾತನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು, ಫಿಲಂ ತರಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ರೈಲು ಹತ್ತಿದೆ. ಡಾಕ್ಟರು ಸಾವಧಾನದ ಮನುಷ್ಯ. ನನ್ನ ನೆತ್ತಿಯ ಮೇಲೆ ಬೆರಳಾಡಿಸಿ, ಹಿಂದುಗಡೆಯ ಕೂದಲನ್ನು ಚರ್ಮಸಮೇತ ತೆಗೆದು, ಬಿಡಿಸಿ, ಮುಂದೆ ಕೂರಿಸುವುದು ಹೇಗೆಂದು ವಿವರಿಸಿದರು. ನಾನು ಜೇಬಿನಿಂದ ನನ್ನ ಫೋಟೋದ ಇನ್ನೊಂದು ಪ್ರತಿ ತೆಗೆದು, "ಹೀಗೇ ಬರಬೇಕು ಸಾರ್, ಈ ಅಲೆ ಎಡಗಡೆಗೆ ಬಾಗಬೇಕು" ಅಂದೆ.

"ಇದು ಯಾವಾಗ ತೆಗೆದಿದ್ದು?"

"ಹೋದ ತಿಂಗಳು."

ಅವರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟರು. "ಇವತ್ತು ಕೂರಿಸಿದರೂ ಚೆನ್ನಾಗಿ ಕಾಣೋಕೆ ಒಂದು ವರ್ಷ ಬೇಕು. ಮೊದಲು ಹಾಕಿದ್ದೂ ಉದುರುತ್ತೆ, ಗಾಬರಿಯಾಗಬಾರದು. ನಿಮಗಿನ್ನೂ ಚಿಕ್ಕ ವಯಸ್ಸು, ಸುತ್ತಲಿನ ಕೂದಲು ಇನ್ನೂ ಹೋಗಬಹುದು. ಅವಸರ ಏನಿದೆ? ಯೋಚನೆ ಮಾಡಿ ಬನ್ನಿ" ಅಂದರು. ಮುಂದಿನ ಭಾನುವಾರವೇ ಹೆಣ್ಣು ನೋಡಲು ಹುಳಿಯಾರಿಗೆ ಹೋಗುವುದಿತ್ತು.

ಸುಳ್ಳು ದಕ್ಕಲಿಲ್ಲ. ಫಿಲಂ ಇಲ್ಲದೆ ವಾಪಸಾದವನನ್ನು ಅಪ್ಪ ವಿಚಾರಿಸಿದ. ನಮ್ಮ ತೋಟ ತುರುವೇಕೆರೆ ದಾರಿಯಲ್ಲಿದೆ. ಅಪ್ಪನಿಗೆ ತೆಂಗು ಬಿಟ್ಟರೆ ಬೇರೆ ಶಾಸ್ತ್ರ ಗೊತ್ತಿಲ್ಲ. ಹೇಳಿದ್ದನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡ.

"ಹಿಂದ್ಗಡೆ ಕಿತ್ತು ಮುಂದ್ಗಡೆ ನೆಡದಾ? ಹಂಗಾರೆ ಹಿಂದ್ಗಡೆ ಗುಂಡಿಗೇನು ಮಾಡ್ತಾರಂತ್ಲಾ?"

"ಹೊಲೀತಾರಂತಪ್ಪ."

"ನೆಟ್ಟಿದ್ದೆಲ್ಲ ಬೇರು ಹಿಡಿತೈತೇನು?"

"ಮೊದಲು ಉದುರಿ ಆಮೇಲೆ ಬರುತ್ತಂತೆ."

"ಸಸಿ ಉದುರಿ ಆಮ್ಯಾಕೆ ಮರ ಆಗೋದು ಎಲ್ಲೂ ಕಾಣೆ ಕಣಪ್ಪ." ಏಣಿ ಹತ್ತಿ ಅಟ್ಟಕ್ಕೆ ಹೋದ. ನಮ್ಮಲ್ಲಿ ಕೊಬ್ಬರಿಗೆಂದು ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಮಟ್ಟಿಗೆ ಕಾಯುತ್ತೇವೆ. ಒಳಗಿನ ನೀರು ಆರಿ, ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅಪ್ಪ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ, ಇನ್ನೊಂದು ಅಲ್ಲಾಡಿಸಿದ. ಅಲ್ಲಿಂದಲೇ ಕೂಗಿ ಹೇಳಿದ: "ಇನ್ನೂ ನೀರಾಡ್ತೈತೆ ಕಣ್ಲಾ. ನಿಂಗೆ ಅಷ್ಟೊಂದು ಮನಸ್ಸಿದ್ರೆ ಈಗ್ಲೇ ಇಳ್ಸಿ ಮಾರಿ ದುಡ್ಡು ಕೊಡ್ತೀನಿ, ಹೋಗಿ ನೆಡಿಸ್ಕಂಡು ಬಾ."

ಹಸಿ ಕಾಯಿಯನ್ನು ಅಟ್ಟದಿಂದ ಇಳಿಸುವ ಮಾತು ಅಪ್ಪನ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಅವನ ತಲೆಯೂ ನನ್ನದರಂತೆಯೇ ಖಾಲಿ. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಜೀವಮಾನ ಕಳೆದವನು. "ಈಗ ಬೇಡ ಬುಡಪ್ಪ" ಅಂದೆ. ಕಾಯಿ ಆರಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು.

ಭಾನುವಾರ, ಉಳಿದಿದ್ದ ಕೂದಲನ್ನು ಎಡಗಿವಿಯಿಂದ ಬಲಗಿವಿಗೆ ಎಣ್ಣೆ ಹಾಕಿ ಅಂಟಿಸಿಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂರಲಿಲ್ಲ. ಹುಳಿಯಾರಿನಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದಂತೆ ಹುಡುಗಿಯ ತಂದೆ ವಿಭೂತಿಯ ಗಟ್ಟಿ ಕೊಟ್ಟು, "ಹಚ್ಕಳಿ, ನಮಸ್ಕಾರ ಮಾಡ್ಕಳಿ" ಅಂದರು. ನನ್ನ ಹಣೆ ಎಲ್ಲಿಗೆ ಮುಗಿಯುತ್ತದೆಂದು ಆ ಹೊತ್ತಿಗೆ ನನಗೇ ಖಚಿತವಿರಲಿಲ್ಲ. ಮೂರು ಬೆರಳಿನ ಪಟ್ಟೆ ಎಳೆದರೂ ಮೇಲೆ ಇನ್ನೊಬ್ಬರಿಗೆ ಸಾಲುವಷ್ಟು ಜಾಗ ಮಿಕ್ಕಿತು. ಬಗ್ಗಿ ನಮಸ್ಕಾರ ಮಾಡಿ ಎದ್ದೆ. ಅಂಟಿಸಿದ್ದ ಕೂದಲು ಮಾತ್ರ ಏಳಲಿಲ್ಲ, ಎಡಗಿವಿಯ ಪಕ್ಕ ಇಳಿಬಿದ್ದಿತ್ತು. ಮಾವ ಕೆಮ್ಮಿದ.

ಶಶಿಕಲಾ ಅವಲಕ್ಕಿಯ ತಟ್ಟೆ ತಂದಳು. ತಲೆಯೆತ್ತಿ ನೋಡಿದರೆ ಎಡಗೆನ್ನೆಯ ಮೇಲೆ ಮೆಣಸಿನ ಕಾಳಿನಷ್ಟು ದೊಡ್ಡ ಒಂದು ಕಪ್ಪು ಮಚ್ಚೆ. ಫೋಟೋದಲ್ಲಿ ಇರಲೇ ಇಲ್ಲ! ನನಗೆ ಅಸಮಾಧಾನವಾಗಲಿಲ್ಲ, ಪೆನ್ಸಿಲ್ ಹಿಡಿಯುವ ಬೆರಳು ತಾನಾಗಿಯೇ ಮಡಚಿಕೊಂಡಿತು ಅಷ್ಟೆ. ಇಬ್ಬರೂ ಒಂದು ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮನ್ನು ಹಿತ್ತಲಿನ ಕಟ್ಟೆಗೆ ಕಳಿಸಿದರು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅವಳೇ ಶುರುಮಾಡಿದಳು.

"ನಿಮ್ಮನ್ನ ನಾನು ಮೊದ್ಲೇ ನೋಡಿದೀನಿ ಕಣ್ರೀ. ನಿಮ್ಮ ಸ್ಟುಡಿಯೋಕ್ಕೆ ಬಂದಿದ್ದೆ, ಸರ್ಕಾರಿ ಕೆಲ್ಸದ ಅರ್ಜಿ ಫೋಟೋಕ್ಕೆ. ನೀವು ಕ್ಯಾಮೆರಾದೊಳಕ್ಕೆ ಬಗ್ಗಿ ನೋಡ್ತಾ, ಗಲ್ಲ ಎತ್ತಿ, ಇಳಿಸಿ ಅಂತಿದ್ರಿ. ಅಷ್ಟು ಹೊತ್ತೂ ನಂಗೆ ಕಾಣ್ತಿದ್ದುದು ನಿಮ್ಮ ನೆತ್ತಿ ಒಂದೇ."

ನನ್ನ ಕ್ಯಾಮೆರಾ ಮೇಲಿನಿಂದ ಇಣುಕಿ ನೋಡುವಂಥ ಡಬ್ಬಿ. ಹೊಳೆಯಿತು: ವರ್ಷಗಟ್ಟಲೆ ಬಂದ ಪ್ರತಿಯೊಬ್ಬ ಗಿರಾಕಿಗೂ ನಾನು ಬಗ್ಗಿ ನೆತ್ತಿ ತೋರಿಸುತ್ತಲೇ ಬಂದಿದ್ದೆ.

"ನಿಮ್ಮ ಫೋಟೋ ಬಂದಾಗ ಕೂದ್ಲು ಇಷ್ಟು ಬೇಗ ಹೆಂಗಪ್ಪಾ ಬಂತು ಅಂತ ನಗು ಬಂತು. ಅದಿರ್ಲಿ, ನನ್ನ ಮಚ್ಚೆ ಯಾಕ್ರೀ ತೆಗೆದ್ರಿ? ನಾನು ಕೇಳಿದ್ನಾ? ಅರ್ಜೀಲಿ ಗುರುತಿನ ಚಿಹ್ನೆ ಎಡಗೆನ್ನೆ ಮೇಲೆ ಮಚ್ಚೆ ಅಂತ ಬರೆದಿದ್ದೆ. ಆಫೀಸಿನವರು 'ಅರ್ಜಿದಾರರ ಗುರುತು ಫೋಟೋದಲ್ಲಿ ಕಾಣುತ್ತಿಲ್ಲ, ಹಿಂದಿರುಗಿಸಲಾಗಿದೆ' ಅಂತ ಬರೆದು ವಾಪಸ್ ಕಳಿಸಿದ್ರು. ಇಲ್ಲೇ ಇನ್ನೊಂದು ತೆಗೆಸ್ಕಂಡು ಕೊನೇ ದಿನ ತುಮಕೂರಿಗೆ ಓಡಿದೆ."

ಚೆನ್ನಾಗಿ ಕಾಣಲಿ ಎಂದು ಮಾಡಿದೆ ಅಂದೆ. "ಹಂಗಾರೆ ಹೆಂಗಿದೀನೋ ಹಂಗೆ ಚೆನ್ನಾಗಿಲ್ವಾ?" ಅಂದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ: ಕುಂಚ, ಜಾಹೀರಾತು, ಬೆಂಗಳೂರು, ಡಾಕ್ಟರು, ಅಪ್ಪನ ಅಟ್ಟ. ಅಟ್ಟದ ವಿಷಯಕ್ಕೆ ಬಂದಾಗ ಅವಳು ನಗುವುದನ್ನು ನಿಲ್ಲಿಸಿದಳು.

"ಕೂದಲು ನೆಡಿಸ್ಕಳಿ, ಬುಡಿ. ಅದು ನಿಮ್ಮ ತಲೆ, ನಿಮ್ಮಿಷ್ಟ. ಮೊದ್ಲು ನನ್ನ ಮಚ್ಚೆ ವಾಪಸ್ ಕೊಡಿ. ಆಮೇಲೆ ಹೇಳ್ತೀನಿ."

ಮಾರನೆಯ ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆರೆದವನೇ ಹಳೆಯ ನೆಗೆಟಿವ್‌ಗಳ ಡಬ್ಬಿ ಸುರಿದುಕೊಂಡೆ. ಅವಳದು ಸಿಕ್ಕಿತು. ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಎಡಗೆನ್ನೆಯನ್ನು ಮೆಲ್ಲಗೆ ಒರೆಸಿದೆ. ನನ್ನ ಪೆನ್ಸಿಲ್ ಗೀಟುಗಳೆಲ್ಲ ಹತ್ತಿಗೆ ಬಂದವು. ಪ್ರಿಂಟ್ ಹಾಕಿದಾಗ, ದ್ರಾವಣದ ತಟ್ಟೆಯಲ್ಲಿ ಮೊದಲು ಕಣ್ಣು ಮೂಡಿದವು, ಆಮೇಲೆ ತುಟಿ, ಕೆನ್ನೆಯ ಮೇಲೆ ಆ ಮಚ್ಚೆ. ಎಷ್ಟು ಚೆಂದವಿತ್ತು! ಅಷ್ಟು ವರ್ಷ ಊರವರ ಮುಖಗಳಿಂದ ನಾನು ಏನೇನು ಒರೆಸಿಹಾಕಿದ್ದೆನೋ ಎಂದು ಮೊದಲ ಸಲ ನಾಚಿಕೆಯಾಯಿತು. ಎಂಟು ಪ್ರತಿ ಕತ್ತರಿಸಿ, ಜೊತೆಗೆ ಕುಂಚ ಮುಟ್ಟಿಸದ ನನ್ನದೊಂದು ಫೋಟೋ ಇಟ್ಟು, ಕಂದಿಕೆರೆಯ ಶಾಲೆಗೆ ನಾನೇ ಹೋಗಿ ಕೊಟ್ಟುಬಂದೆ. ಅವಳು ತನ್ನ ಫೋಟೋಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡಳು, ನನ್ನದನ್ನು ಹಾಜರಿ ಪುಸ್ತಕದೊಳಗೆ ಇಟ್ಟಳು. ವಾರದಲ್ಲಿ ಮಾವನಿಗೆ ಹೂಂ ಎಂದು ಹೇಳಿಕಳಿಸಿದರು.

ದೀಪಾವಳಿ ಕಳೆದು ಅಪ್ಪನ ಕಾಯಿ ಗುಡುಗುಡು ಅಂದಿತು. ಆ ಕೊಬ್ಬರಿಯ ದುಡ್ಡು ಮದುವೆಗಾಯಿತು. ತಲೆಯ ನಾಟಿಯನ್ನು ಮುಂದಿನ ವರ್ಷಕ್ಕೆ ಹಾಕಿದೆವು, ಆಮೇಲೆ ಅದರ ಮುಂದಿನ ವರ್ಷಕ್ಕೆ. ಅಷ್ಟರಲ್ಲಿ ಡಾಕ್ಟರು ಹೇಳಿದಂತೆ ಕೀಳಬೇಕಾದ ಹಿಂದುಗಡೆಯ ತೋಟವೂ ತೆಳುವಾಯಿತು. ಶಶಿಕಲಾಗೆ ಸರ್ಕಾರಿ ಕೆಲಸ ಸಿಕ್ಕಿತು, ಮಚ್ಚೆಯ ಸಮೇತ.

ಒಂದು ಮಾತು ಉಳಿಯಿತು. ತನ್ನ ಮದುವೆಯ ಫೋಟೋವನ್ನು ತಾನೇ ತೆಗೆಯಲಾಗುವುದಿಲ್ಲವಲ್ಲ, ಹಾಗಾಗಿ ಕಿಬ್ಬನಹಳ್ಳಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ನಾಗರಾಜನಿಗೆ ವಹಿಸಿದ್ದೆ. ಆಲ್ಬಂ ಬಂತು. ಪೇಟ ತೆಗೆದ ಫೋಟೋಗಳಲ್ಲೆಲ್ಲ ನನ್ನ ತಲೆಯ ಮೇಲೆ ಒತ್ತಾದ ಕೂದಲು! "ಸ್ನೇಹಿತ ಅಂತ ಫ್ರೀಯಾಗಿ ಮಾಡಿದೀನಿ ಕಣ್ಲಾ" ಅಂದ. ಶಶಿಕಲಾ ಹತ್ತಿಯ ಉಂಡೆ ತಂದು ನನ್ನ ಮುಂದಿಟ್ಟಳು. ಕೂತು ಒಂದೊಂದನ್ನೇ ಒರೆಸಿದೆ. ಆದರೆ ಒಂದೇ ಒಂದನ್ನು ಒರೆಸಲು ಮನಸ್ಸು ಬರಲಿಲ್ಲ. ನಾಗರಾಜನ ಕೈ ಅದರಲ್ಲಿ ನನಗಿಂತ ಚೆನ್ನಾಗಿ ಓಡಿತ್ತು, ಅಲೆ ಎಡಕ್ಕೆ ಬಾಗಿತ್ತು. ಅದನ್ನು ಆಲ್ಬಮ್ಮಿನಿಂದ ತೆಗೆದು ಬೀರುವಿನ ಬಟ್ಟೆಯ ಕೆಳಗೆ ಬಚ್ಚಿಟ್ಟೆ, ಆಗಾಗ ಒಬ್ಬನೇ ತೆಗೆದು ನೋಡುತ್ತಿದ್ದೆ. ಒಂದು ದಿನ ನೋಡಿ, ಸುಮ್ಮನೆ ತಿರುಗಿಸಿದರೆ, ಹಿಂದುಗಡೆ ಶಶಿಕಲಾ ಮೇಷ್ಟ್ರಮ್ಮನ ದುಂಡಗಿನ ಅಕ್ಷರ: "ಅರ್ಜಿದಾರರ ಗುರುತು ಫೋಟೋದಲ್ಲಿ ಕಾಣುತ್ತಿಲ್ಲ. ಹಿಂದಿರುಗಿಸಲಾಗಿದೆ." ಕೆಳಗೆ ಸಹಿ, ತಾರೀಕು. ತಾರೀಕು ನೋಡಿದರೆ ನಾನು ಬಚ್ಚಿಟ್ಟ ಮಾರನೆಯ ದಿನದ್ದು.