ಅತ್ತೆಯ ನಾಣ್ಯದ ಹುಳುಕು

ಕೊಳೆಯನ್ನು ಕಂಡೂ ಕೈಕಟ್ಟಿ ಕೂರಬೇಕೆನ್ನುವ ಸಂಘಕ್ಕೆ ಹಲ್ಲಿನ ಡಾಕ್ಟರೊಬ್ಬ ಸೇರಬಾರದಿತ್ತು. ಸೇರಿದ್ದು ನನ್ನ ತಪ್ಪು. ಇಪ್ಪತ್ತೆರಡು ವರ್ಷಗಳಿಂದ ಊರಿನವರ ಬಾಯೊಳಗಿನ ಪಾಚಿ, ಕಿಟ್ಟ, ಕರೆಗಳನ್ನು ಕೆರೆದು ತೆಗೆದೇ ಹೊಟ್ಟೆ ಹೊರೆದುಕೊಂಡವನು ನಾನು. ಅಂಥವನಿಗೆ ನಾಣ್ಯ ಸಂಗ್ರಾಹಕರ ಸಂಘದ ಅಧ್ಯಕ್ಷರು (ನಿವೃತ್ತ ಪೋಸ್ಟ್ ಮಾಸ್ಟರು, ಮಾತನ್ನೂ ಮುದ್ರೆ ಒತ್ತಿದ ಹಾಗೇ ಆಡುವವರು) ಮೊದಲ ದಿನವೇ ಹೇಳಿದರು: "ನಾಣ್ಯ ತೊಳೀಬಾರ್ದು. ಉಜ್ಜಬಾರ್ದು. ತಿದ್ದಬಾರ್ದು. ಅದರ ಮೈಮೇಲಿರೋದು ಕೊಳೆ ಅಲ್ಲ, ವಯಸ್ಸು."

"ನನ್ನ ಪೇಷಂಟುಗಳೂ ಹಾಗೇ ಅಂತಾರೆ ಸಾರ್," ಎಂದೆ. ಯಾರೂ ನಗಲಿಲ್ಲ.

ಸಂಘದ ವಾರ್ಷಿಕ ಪ್ರದರ್ಶನದಲ್ಲಿ ಮೂರು ವರ್ಷ ನನ್ನ ಮೇಜಿನ ಮುಂದೆ ಜನ ನಿಂತದ್ದುಂಟು. ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ ಇತ್ತು. ಈ ವರ್ಷ ಹೇಗಾದರೂ ಮಾಡಿ ಮೊದಲ ಬಹುಮಾನದ ಫಲಕ ಗೆಲ್ಲಬೇಕೆಂದು ಯೋಚಿಸುತ್ತಿದ್ದಾಗ ನನ್ನ ಕಣ್ಣು ಅತ್ತೆಯ ಕುತ್ತಿಗೆಯ ಮೇಲೆ ಬಿತ್ತು. (ಅಳಿಯನೊಬ್ಬ ಹೀಗೆ ಬರೆದರೆ ಅಪಾರ್ಥವಾದೀತು. ನಾನು ಹೇಳುತ್ತಿರುವುದು ಅಲ್ಲಿ ನೇತಾಡುತ್ತಿದ್ದ ಬೆಳ್ಳಿ ನಾಣ್ಯದ ವಿಷಯ.)

ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂಚಿನಲ್ಲಿ ತೂತು ಕೊರೆದು ಸಣ್ಣ ಸರಪಳಿಗೆ ಪೋಣಿಸಿದ ಆ ನಾಣ್ಯವನ್ನು ಅತ್ತೆ ಕತ್ತಿನಿಂದ ತೆಗೆದದ್ದನ್ನು ನಾನು ಕಂಡಿರಲಿಲ್ಲ.

"ಅತ್ತೆ, ಇದನ್ನ ಹದಿನೈದು ದಿನ ಕೊಡ್ತೀರಾ? ಪ್ರದರ್ಶನಕ್ಕೆ."

"ತೂತು ದುಡ್ಡನ್ನ ಯಾರು ನೋಡ್ತಾರೆ?"

"ಹಳೇದಲ್ವಾ, ನೋಡ್ತಾರೆ."

ಅವರು ಅದನ್ನು ಸರಪಳಿಯಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. "ಹೇಗಿದೆಯೋ ಹಾಗೇ ತಂದುಕೊಡಿ."

"ಇದಕ್ಕಿಂತ ಚೆನ್ನಾಗಿ ತಂದುಕೊಡ್ತೀನಿ," ಎಂದೆ. ಆಗಲೇ ನನ್ನ ನಾಲಿಗೆಗೆ ಮರಗಟ್ಟಿಸುವ ಸೂಜಿ ಚುಚ್ಚಬೇಕಿತ್ತು.

ಸತ್ಯವಾಗಿ ಹೇಳುತ್ತೇನೆ, ನನ್ನ ಉದ್ದೇಶ ಬರೀ ಒರೆಸುವುದಾಗಿತ್ತು. ಒರೆಸಿದ ಕಡೆ ಬೆಳ್ಳಗಾಯಿತು, ಒರೆಸದ ಕಡೆ ಇನ್ನಷ್ಟು ಕಪ್ಪಗೆ ಕಂಡಿತು. ಕಟ್ಟಿಸಿದ ಹಲ್ಲಿನ ಸೆಟ್ಟುಗಳನ್ನು ಅಲುಗಾಡಿಸಿ ತೊಳೆಯುವ ಯಂತ್ರ ಕ್ಲಿನಿಕ್ಕಿನಲ್ಲಿ ಎದುರಿಗೇ ಇತ್ತು. ಅದರಲ್ಲಿ ಹತ್ತು ನಿಮಿಷ ಹಾಕಿದೆ. ಆಮೇಲೆ ಬ್ರಷ್ಷು, ಆಮೇಲೆ ಪೇಸ್ಟು. ಹೀಗೆ ಶಾಸ್ತ್ರೋಕ್ತವಾಗಿ ಕಾಯಕಲ್ಪ ಮುಗಿದಾಗ ನಾಣ್ಯ ಪಳಪಳ ಹೊಳೆಯಿತು. ಆದರೆ ಅಷ್ಟು ಹೊಳೆಯುವ ಮುಖದಲ್ಲಿ ಒಂದು ಹುಳುಕು, ಆ ತೂತು. ಹಲ್ಲಿನ ಡಾಕ್ಟರಾದವನು ನೋಡಿಕೊಂಡು ಸುಮ್ಮನಿರುವುದು ಹೇಗೆ? ಹುಳುಕು ಹಲ್ಲಿಗೆ ತುಂಬುವ ಬೆಳ್ಳಿ ಮಿಶ್ರಣವನ್ನೇ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿದೆ.

ತೂತು ಇದ್ದ ಜಾಗದಲ್ಲಿ ಮೊದಲು ಟಂಕಸಾಲೆಯ ಗುರುತು ಇದ್ದಿರಬೇಕು. ಪುಸ್ತಕ ತೆಗೆದು ನೋಡಿದೆ. ಒಂದು ಟಂಕಸಾಲೆಯವರು ಅಲ್ಲಿ ಚುಕ್ಕಿ ಇಡುತ್ತಿದ್ದರಂತೆ, ಇನ್ನೊಂದರವರು ನಕ್ಷತ್ರ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು, ಕೈ ಹುರುಪಿನಲ್ಲಿದ್ದಾಗ ಯಾರು ಓದುತ್ತಾರೆ? ಚುಕ್ಕಿ ಇಟ್ಟರೆ ಮತ್ತೆ ಹುಳುಕಿನ ಹಾಗೇ ಕಾಣುತ್ತದೆಂದು ನಕ್ಷತ್ರ ಕೊರೆದೆ.

ಅಷ್ಟರಲ್ಲಿ ಹೆಂಡತಿ ಬಾಗಿಲು ತೆರೆದಳು. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಚೀಟಿ ಬರೆದು ಪೇಷಂಟುಗಳನ್ನು ಒಳಗೆ ಕಳಿಸುವವಳು ಅವಳೇ.

"ಹೊರಗೆ ಒಬ್ರು ಅರ್ಧ ಗಂಟೆಯಿಂದ ಕೆನ್ನೆ ಹಿಡ್ಕೊಂಡು ಕೂತಿದ್ದಾರೆ. ಇಲ್ಲಿ ಖಾಲಿ ಕುರ್ಚೀದು ಯಾವ ಹಲ್ಲು ಕೀಳ್ತಿದ್ದೀರಿ?" ಎಂದವಳು ನಾಣ್ಯ ಕಂಡು ಹತ್ತಿರ ಬಂದಳು. "ತೂತೆಲ್ರೀ?"

"ಹೋಯ್ತು."

"ಹೋಯ್ತು ಅಂದ್ರೆ? ಅಮ್ಮ ಸರಪಳಿ ಎಲ್ಲಿ ಪೋಣಿಸ್ಬೇಕು?"

ಇದು ನನಗೆ ಹೊಳೆದಿರಲಿಲ್ಲ. "ಪ್ರದರ್ಶನ ಮುಗೀಲಿ, ಒಂದು ಕೊಂಡಿ ಬೆಸೆದು ಕೊಡ್ತೀನಿ."

"ಹಾಗಾದ್ರೆ ನಾಣ್ಯದ ಚೀಟೀಲಿ ಬರೀರಿ, ತೊಳೆದಿದೆ, ತೂತು ಮುಚ್ಚಿದೆ ಅಂತ."

"ಹಲ್ಲಿಗೆ ಟೋಪಿ ಹಾಕಿಸ್ಕೊಂಡವರು ಹಣೆ ಮೇಲೆ ಬರ್ಕೊಂಡು ಓಡಾಡ್ತಾರೇನೇ?"

"ಹಲ್ಲಿಗೆ ಟೋಪಿ ಹಾಕೋದು ಬೇರೆ, ಊರಿಗೆ ಟೋಪಿ ಹಾಕೋದು ಬೇರೆ. ಹಲ್ಲಿನ ಯಜಮಾನರಿಗೆ ವಿಷಯ ಗೊತ್ತಿರತ್ತೆ. ಇದರ ಯಜಮಾನಿಗೆ ಗೊತ್ತಾ?"

ಇಂಥ ಹೊತ್ತಿನಲ್ಲಿ ನಾನು ಮುಂದಿನ ಪೇಷಂಟನ್ನು ಕರೆಯುತ್ತೇನೆ. ಕರೆದೆ.

ಪ್ರದರ್ಶನದ ದಿನ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಅತ್ತೆ, ಹೆಂಡತಿ ಇಬ್ಬರೂ ಬಂದು ಮೂರನೇ ಸಾಲಿನಲ್ಲಿ ಕೂತರು. ಅಧ್ಯಕ್ಷರು ಭೂತಗನ್ನಡಿ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾ ನನ್ನ ಮೇಜಿನ ಮೇಲೆ ಬಗ್ಗಿದರು, ಹಾಗೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ನಕ್ಷತ್ರ," ಎಂದರು.

ಆಗ ಅವರ ಬಾಯಿಂದಲೇ ಗೊತ್ತಾಯಿತು, ಪುಸ್ತಕದ ಸಣ್ಣಕ್ಷರದಲ್ಲಿ ಏನಿತ್ತೆಂದು. ಚುಕ್ಕಿಯ ನಾಣ್ಯಗಳು ಸಾವಿರಾರು ಇವೆಯಂತೆ. ಆ ವರ್ಷದ ನಕ್ಷತ್ರದ್ದು ಸಿಕ್ಕಿರುವುದು ಮೂರೇ ಮೂರು. ಇದು ನಾಲ್ಕನೆಯದು. ಕ್ಷಣದಲ್ಲಿ ನನ್ನ ಸುತ್ತ ಜನ ಸೇರಿದರು. ನಲ್ಲಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಬ್ಬ ಫೋಟೋ ತೆಗೆದ, ಇಬ್ಬರು ವ್ಯಾಪಾರಿಗಳು ಎರಡು ಕಿವಿಯಲ್ಲೂ ಏಕಕಾಲಕ್ಕೆ ಬೆಲೆ ಕೇಳಿದರು. ಕಾರ್ಯದರ್ಶಿ ಫಲಕದ ಧೂಳು ಒರೆಸತೊಡಗಿದರು. ನನ್ನ ಎದೆ ಉಬ್ಬಿತು.

"ಹೊಳಪು ಜಾಸ್ತಿ ಇದೆ. ಏನಾದ್ರೂ ಮಾಡಿದ್ರಾ ಡಾಕ್ಟ್ರೇ?" ಅಧ್ಯಕ್ಷರು ಕೇಳಿದರು.

"ಸ್ವಲ್ಪ ಒರೆಸಿದೆ ಸಾರ್."

ಮೂರನೇ ಸಾಲಿನಿಂದ ಹೆಂಡತಿ ನನ್ನನ್ನೇ ನೋಡುತ್ತಾ ಬೆರಳಿನಿಂದ ತುಟಿ ತೋರಿಸಿ, ತೆರೆಯಿರಿ ಎಂಬಂತೆ ಸನ್ನೆ ಮಾಡಿದಳು. ಬಾಯಿ ಬಿಡಿ. ದಿನಕ್ಕೆ ಮೂವತ್ತು ಸಲ ನಾನು ಬೇರೆಯವರಿಗೆ ಹೇಳುವ ಮಾತು. ಅದು ಇಷ್ಟು ಕಷ್ಟದ ಕೆಲಸವೆಂದು ಆವತ್ತೇ ತಿಳಿದದ್ದು.

ಅಷ್ಟರಲ್ಲಿ ಅತ್ತೆ ಎದ್ದು ಬಂದರು. ನಾಣ್ಯ ಕೈಗೆತ್ತಿಕೊಂಡು, "ಇದು ನನ್ನದಲ್ಲ," ಎಂದರು. ಆಮೇಲೆ ಹಿಂದೆ ಮುಂದೆ ತಿರುಗಿಸಿ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. "ನನ್ನದೇ. ಅಳಿಯಂದಿರೇ, ಇದರ ತೂತೆಲ್ಲಿ?"

ನಾನು ಬಾಯಿ ಬಿಟ್ಟೆ. ತೊಳೆದದ್ದು, ತುಂಬಿದ್ದು, ನಕ್ಷತ್ರ ಕೊರೆದದ್ದು, ಎಲ್ಲ ಹೇಳಿದೆ. ಅಧ್ಯಕ್ಷರು ಭೂತಗನ್ನಡಿ ಮಡಿಸಿದರು. "ಅಂದ್ರೆ ಈ ನಕ್ಷತ್ರ ಖೋಟಾ."

"ನಕ್ಷತ್ರ ಇತ್ತು," ಎಂದರು ಅತ್ತೆ.

ಎಲ್ಲರೂ ಅವರತ್ತ ತಿರುಗಿದರು.

"ಮದುವೆಯಾದ ಹೊಸದ್ರಲ್ಲಿ ನಮ್ಮ ಯಜಮಾನ್ರು ಇದನ್ನ ನನಗೆ ಕೊಟ್ರು. ನಕ್ಷತ್ರ ಇದೆ ಅಂತ ವಾರಕ್ಕೊಬ್ಬ ವ್ಯಾಪಾರಿ ಅಂಗಡಿಗೆ ಬರೋನು. ಇವತ್ತು ಮಾರಿಬಿಡ್ತಾರೇನೋ ಅಂತ ನನಗೆ ಊಟ ಸೇರ್ತಿರ್ಲಿಲ್ಲ. ಬಾಯಿಬಿಟ್ಟು ಹೇಳಿರ್ಲಿಲ್ಲ, ಆದ್ರೂ ಅವ್ರಿಗೆ ಗೊತ್ತಾಯ್ತು. ಒಂದಿನ ನನ್ನ ಎದುರಿಗೇ ಗಡಿಯಾರದ ಡ್ರಿಲ್ಲು ತಗೊಂಡು ಸರಿಯಾಗಿ ನಕ್ಷತ್ರದ ಮೇಲಿಟ್ಟು ಕೊರೆದ್ರು. ಇನ್ಮೇಲೆ ಯಾರೂ ಕೇಳಲ್ಲ, ಹಾಕ್ಕೋ ಅಂದ್ರು." ಅತ್ತೆ ವ್ಯಾಪಾರಿಗಳಿಬ್ಬರನ್ನೂ ಒಮ್ಮೆ ನೋಡಿದರು. "ನಲವತ್ತಾರು ವರ್ಷ ಯಾರೂ ಕೇಳಿರ್ಲಿಲ್ಲ. ಇವತ್ತು ಬೆಳಗ್ಗೆಯಿಂದ ಇಬ್ರು ಕೇಳಿದ್ರು."

ವ್ಯಾಪಾರಿಗಳು ನೀರು ಕುಡಿಯಲು ಹೋದರು. ನಾನು ನೆಲ ನೋಡಿದೆ.

"ಅಂದ್ರೆ ನಾನು ಕೊರೆದದ್ದು ಸರಿಯಾದ ಗುರುತೇ ಆಯ್ತಲ್ಲ ಸಾರ್," ಎಂದೆ ಮೆಲ್ಲಗೆ. (ಮುಳುಗುವವನ ಕೊನೆಯ ಗುಟುಕು.)

"ಇಲ್ಲ ಡಾಕ್ಟ್ರೇ," ಎಂದರು ಅಧ್ಯಕ್ಷರು. "ಅಲ್ಲಿದ್ದ ನಕ್ಷತ್ರವನ್ನ ಈ ತಾಯಿಯ ಯಜಮಾನ್ರು ಇವರಿಗೋಸ್ಕರ ಅಳಿಸಿದ್ರು. ಈಗಿರೋದು ನೀವು ಫಲಕಕ್ಕೋಸ್ಕರ ಕೊರೆದದ್ದು. ನೋಡೋಕೆ ಒಂದೇ ಥರ, ಅಷ್ಟೇ." ನನ್ನ ಮೇಜು ತೆರವಾಯಿತು. ಎರಡು ವರ್ಷ ಪ್ರದರ್ಶನಕ್ಕೂ ಸಭೆಗೂ ಪ್ರವೇಶವಿಲ್ಲ ಎಂದು ಸ್ಥಳದಲ್ಲೇ ತೀರ್ಪಾಯಿತು.

ಮಧ್ಯಾಹ್ನ ಅತ್ತೆ ನೇರ ಕ್ಲಿನಿಕ್ಕಿಗೆ ಬಂದು ಪೇಷಂಟಿನ ಕುರ್ಚಿಯಲ್ಲಿ ಕೂತರು. ನಾಣ್ಯವನ್ನು ಇಕ್ಕಳದಲ್ಲಿ ಹಿಡಿದು ದೀಪ ಹಾಕಿದೆ.

"ಎಲ್ಲಿ ಕೊರೀಲಿ ಅತ್ತೆ?"

"ನಕ್ಷತ್ರದ ಮೇಲೆ."

ಡ್ರಿಲ್ಲನ್ನು ಸರಿಯಾಗಿ ಅದರ ಮೇಲಿಟ್ಟು ಒತ್ತಿದೆ. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಕ್ಷತ್ರ ಪುಡಿಯಾಗಿ ಉದುರಿತು. ಅವರು ಸರಪಳಿ ಪೋಣಿಸಿ ಕತ್ತಿಗೆ ಹಾಕಿಕೊಂಡು ಕನ್ನಡಿ ಕೇಳಿದರು.

"ಈ ಹೊಳಪು ಹೋಗಿ ಮೊದಲಿನ ಹಾಗೆ ಆಗೋಕೆ ಎಷ್ಟು ವರ್ಷ ಬೇಕು?"

"ನಲವತ್ತು ಆಗಬಹುದು ಅತ್ತೆ. ತಪ್ಪಾಯ್ತು."

"ಆಗ್ಲಿ ಬಿಡಿ, ಕಾಯೋಣ," ಎಂದರು ಎಪ್ಪತ್ತರ ಅತ್ತೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಕ್ಕಳು. ಆಮೇಲೆ ಅತ್ತೆಯೂ ನಕ್ಕರು. ನನಗೆ ಮೊದಲು ಉಸಿರು ಬಂತು, ನಗು ಆಮೇಲೆ.

ಈಗ ಸಂಘದ ಮಾಸಿಕ ಸಭೆಗೆ ನಮ್ಮ ಮನೆಯಿಂದ ತಪ್ಪದೆ ಹೋಗುವವರು ಅತ್ತೆ. ಅವರನ್ನು ಗೌರವ ಸದಸ್ಯೆಯಾಗಿ ಮಾಡಿಕೊಂಡಿದ್ದಾರೆ. ಬಹಿಷ್ಕೃತನಾದ ನಾನು ಅವರನ್ನು ಬಾಗಿಲ ತನಕ ಬಿಟ್ಟು, ಸಭೆ ಮುಗಿಯುವವರೆಗೆ ಕಾರಿನಲ್ಲಿ ಕೂತು, ಹೆಂಡತಿ ಫ್ಲಾಸ್ಕಿನಲ್ಲಿ ಹಾಕಿಕೊಟ್ಟ ಕಾಫಿ ಕುಡಿಯುತ್ತೇನೆ. ಸುಳ್ಳೇಕೆ, ನೆಮ್ಮದಿಯಾಗಿದೆ.

ಮೊನ್ನೆ ಅತ್ತೆ ಖುಷಿಯಾಗಿ ಹೊರಗೆ ಬಂದರು. "ಅಧ್ಯಕ್ಷರಿಗೆ ಹಲ್ಲುನೋವಂತೆ. ನಿಮ್ಮ ಹತ್ರ ಬರಬಹುದಾ ಅಂತ ಕೇಳಿದ್ರು."

"ನೀವೇನಂದ್ರಿ?"

"ನಮ್ಮ ಅಳಿಯಂದಿರ ಕೈಗುಣ ತುಂಬಾ ಒಳ್ಳೇದು, ಧೈರ್ಯವಾಗಿ ಹೋಗಿ ಅಂದೆ."

ಎಷ್ಟೋ ದಿನದ ಮೇಲೆ ನನ್ನ ಬೆನ್ನು ನೆಟ್ಟಗಾಯಿತು. ಕಾರು ಶುರು ಮಾಡಿದೆ.

"ಆದ್ರೆ ಯಾವ್ಯಾವ ಹಲ್ಲು ನಿಮ್ಮ ಸ್ವಂತದ್ದು ಅಂತ ಮೊದಲೇ ಒಂದು ಪಟ್ಟಿ ಮಾಡಿ ಇಟ್ಕೊಳ್ಳಿ, ಆಮೇಲೆ ನಿಮಗೇ ಗೊತ್ತಾಗಲ್ಲ ಅಂತಾನೂ ಅಂದೆ," ಎಂದರು ಅತ್ತೆ, ಕಿಟಕಿಯ ಗಾಜು ಇಳಿಸುತ್ತಾ. "ನಾಳೆ ಹತ್ತು ಗಂಟೆಗೆ ಬರ್ತಾರಂತೆ. ಪಟ್ಟಿ ತಗೊಂಡೇ ಬರ್ತಾರಂತೆ."