ಎಡಕ್ಕೆ ಸುತ್ತಿದ ಹುಳ

ಏನೇನೆಲ್ಲ ತಪ್ಪಬಹುದು ಎಂದು ನಾನು ಮೊದಲೇ ಪಟ್ಟಿ ಮಾಡಿಟ್ಟಿದ್ದೆ. ಭಾವನ ಕಣ್ಣಿನ ಆಪರೇಶನ್ನಿಗೆಂದು ಬಂಟ್ವಾಳದಿಂದ ಮೂಡುಬಿದಿರೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಟಯರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿಯೂ ಪಂಕ್ಚರ್ ಆಗಿರಬಹುದಿತ್ತು. ಭಾವ ಹಿಂದಿನ ದಿನ ಕದ್ದು ತಿಂದ ಹಲಸಿನ ಹಣ್ಣಿನ ದೆಸೆಯಿಂದ ಸಕ್ಕರೆ ಏರಿ, ಡಾಕ್ಟರು ನಮ್ಮನ್ನು ಬಂದ ದಾರಿಯಲ್ಲೇ ವಾಪಸು ಕಳುಹಿಸಬಹುದಿತ್ತು. ಬಲಗಣ್ಣು ಎಂದು ಚೀಟಿಯಲ್ಲಿ ಬರೆದಿದ್ದರೂ ಎಡಗಣ್ಣಿಗೆ ಕೈಹಾಕಬಹುದಿತ್ತು. ಸರಿಯಾದ ಕಣ್ಣಿಗೇ ಕೈಹಾಕಿದ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ಜನರೇಟರ್ ಇದೆ ಎಂದು ನರ್ಸಮ್ಮ ಹೇಳಿದರು. ಅದರಲ್ಲಿ ಡೀಸೆಲ್ ಇದೆಯೇ ಎಂದು ನಾನು ಕೇಳಿದೆ. ಅವರು ನನಗೊಂದು ಕುರ್ಚಿ ತೋರಿಸಿದರು. ಭಾವ ಸೀನಬಹುದಿತ್ತು. ಡಾಕ್ಟರೂ ಸೀನಬಹುದಿತ್ತಲ್ಲ, ಅವರೂ ಮನುಷ್ಯರೇ! ಹೀಗೆ ಒಟ್ಟು ಹದಿನೈದು. ಹದಿನಾರನೆಯದನ್ನು ಮಾತ್ರ ನಾನು ಕಾಗದಕ್ಕೆ ಇಳಿಸಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಆಪರೇಶನ್ ಚೆನ್ನಾಗಿಯೇ ಆಗಿ, ಭಾವನಿಗೆ ಕಣ್ಣು ಸ್ಪಷ್ಟವಾಗಿ ಕಂಡುಬಿಟ್ಟರೆ?

ಗಾಬರಿಯಾಗಬೇಡಿ, ನಾನು ಭಾವನ ಶತ್ರುವಲ್ಲ. ಆದರೆ ನನ್ನ ಹೆದರಿಕೆ ನಿಮಗೆ ಅರ್ಥವಾಗಬೇಕಾದರೆ ಅವರ ಹುಚ್ಚು ಮೊದಲು ಅರ್ಥವಾಗಬೇಕು.

ನನ್ನ ಭಾವ, ಅಂದರೆ ಅಕ್ಕನ ಗಂಡ, ತಾನು ಕಣ್ಣಾರೆ ಕಾಣದ ಒಂದು ಮೀನಿಗೆ ಇಪ್ಪತ್ತು ವರ್ಷಗಳಿಂದ ಮೋಸ ಮಾಡುತ್ತ ಬಂದಿರುವ ಏಕೈಕ ಬಂಟ್ವಾಳಿಗ! ಮೀನಿನ ಹೆಸರು ಟ್ರೌಟ್. ತಣ್ಣೀರಿನ ಹೊಳೆಯ ಮೀನು. ನಮ್ಮ ನೇತ್ರಾವತಿಯಲ್ಲಿ ಹುಡುಕಿದರೂ ಒಂದು ಸಿಗದು. ಭಾವ ಮಸ್ಕತ್ತಿನಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬರಿಗೆ ಡ್ರೈವರಾಗಿದ್ದರು. ಆ ಮನುಷ್ಯ ರಜೆಯ ದಿನ ಏಸಿ ಕೋಣೆಯಲ್ಲಿ ಕೂತು, ಬೆರಳ ಉಗುರಿನಷ್ಟು ಗಾತ್ರದ ಗಾಳಕ್ಕೆ ಕೂದಲು, ಗರಿ, ದಾರ ಸುತ್ತಿ ಹುಳ ಮಾಡುತ್ತಿದ್ದರಂತೆ. ಕೂದಲಿನದು ಎರಡು ರೆಕ್ಕೆ, ಅದರ ಬುಡಕ್ಕೆ ಸುತ್ತಿದ ಗರಿಯ ಕಾಲರು. ನೀರಿಗೆ ಬಿಟ್ಟರೆ ಮುಳುಗದೆ, ಈಗಷ್ಟೇ ಬಂದು ಕೂತ ನಿಜವಾದ ಹುಳದ ಹಾಗೆ ತೇಲಬೇಕು. ಟ್ರೌಟ್ ನಂಬಿ ಬಾಯಿ ಹಾಕಬೇಕು. ಹೊರಗೆ ಕಾರಿನಲ್ಲಿ ಬೇಯುತ್ತಿದ್ದ ಡ್ರೈವರನ್ನು ಅವರು ಒಂದು ದಿನ ಒಳಗೆ ಕರೆದು ಕೂರಿಸಿಕೊಂಡರು. ಏಸಿಯ ಆಸೆಗೆ ಒಳಗೆ ಹೋದ ಭಾವ ಹುಳದ ಹುಚ್ಚು ಹಿಡಿಸಿಕೊಂಡು ಹೊರಗೆ ಬಂದರು.

ಈಗ ಆ ಎಂಜಿನಿಯರರಿಗೆ ವಯಸ್ಸಾಗಿದೆ. ಗಾಳ ಹಾಕಲು ಹೋಗುತ್ತಾರೆ, ಹುಳ ಕಟ್ಟಲು ಬೆರಳು ಬಗ್ಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಎರಡು ಡಜನ್ ಹುಳಗಳು ಬಂಟ್ವಾಳದಿಂದ ಸ್ಕಾಟ್ಲೆಂಡಿಗೆ ಅಂಚೆಯಲ್ಲಿ ಹಾರುತ್ತವೆ.

ಕಾಲರಿಗೆ ಹುಂಜದ ಕುತ್ತಿಗೆಯ ಗರಿಯೇ ಆಗಬೇಕು, ಅದೂ ಬಿರುಸಾಗಿರಬೇಕು. ಅಂಗಡಿಯ ಫಾರ್ಮ್ ಕೋಳಿಯ ಗರಿ ನೀರು ಕಂಡೊಡನೆ ಒದ್ದೆ ಹತ್ತಿಯಂತೆ ಮಲಗಿಬಿಡುತ್ತದಂತೆ. ಹಾಗಾದರೆ ಬಿರುಸಾದ ಕುತ್ತಿಗೆ ಎಲ್ಲಿ ಸಿಗುತ್ತದೆ? ಕೋಳಿ ಅಂಕದಲ್ಲಿ, ಅಂದರೆ ಹುಂಜಗಳ ಕಾಳಗದಲ್ಲಿ! ಬೆಳ್ತಂಗಡಿ ಕಡೆ ಎಲ್ಲಿ ಅಂಕ ಇದ್ದರೂ ಭಾವ ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂರುತ್ತಿದ್ದರು. ಸೋತ ಕೋಳಿ ಗೆದ್ದವನ ಮನೆಯ ಸಾರಿಗೆ ಹೋಗುವುದು ಕ್ರಮ, ಗರಿ ಕೇಳಿದವರಿಗೆ. ಹಾಗಾಗಿ ಎಲ್ಲರೂ ಒಂದು ಕೋಳಿ ಗೆಲ್ಲಲಿ ಎಂದು ಕೂಗುತ್ತಿದ್ದರೆ, ಭಾವ ಮಾತ್ರ ಚಂದದ ಕುತ್ತಿಗೆಯ ಕೋಳಿ ಸೋಲಲಿ ಎಂದು ಹಾರೈಸುತ್ತಿದ್ದರು. ಒಮ್ಮೆ ಕೆಂಪು ಹುಂಜದ ಯಜಮಾನನೊಬ್ಬ ಇದನ್ನು ಕೇಳಿಸಿಕೊಂಡ.

"ನೀವು ಯಾರ ಕಡೆಯವರು ಮಾರಾಯ್ರೆ?" ಎಂದು ತೋಳು ಮಡಚಿದ.

"ನಾನು ಟ್ರೌಟಿನ ಕಡೆಯವ," ಎಂದರು ಭಾವ, ಶಾಂತವಾಗಿ.

ಆ ಹೆಸರಿನ ಕೋಳಿ ಯಾವುದೆಂದು ಅವನು ಸುತ್ತಲೂ ಹುಡುಕುವಷ್ಟರಲ್ಲಿ ನಾನು ಸ್ಕೂಟರ್ ಸ್ಟಾರ್ಟ್ ಮಾಡಿದ್ದೆ.

ರೆಕ್ಕೆಗೆ ಬೇಕಾದದ್ದು ಕರುವಿನ ಬಾಲದ ತುದಿಯ ಬಿಳಿ ಕೂದಲು. ಪಕ್ಕದ ಮನೆಯ ಐಸಮ್ಮನ ಕರುವಿಗೆ ಅಂಥ ಬಾಲ ಇತ್ತು. ಭಾವ ಬೇಲಿಯ ಹತ್ತಿರ ನಿಂತು ಕೇಳಿದರು.

"ಐಸಮ್ಮ, ನಿಮ್ಮ ಕರುವಿನ ಬಾಲದ ಕೂದಲು ಒಂಚೂರು ಕೊಡ್ತೀರಾ? ರೆಕ್ಕೆ ಮಾಡ್ಲಿಕ್ಕೆ."

"ಕರುವಿಗಾ ಅಣ್ಣಾ?"

"ಅಲ್ಲ, ಹುಳಕ್ಕೆ."

ಐಸಮ್ಮ ಸರಕ್ಕನೆ ಒಳಗೆ ಹೋದರು. ಹುಂಜದ ಕುತ್ತಿಗೆ, ಕರುವಿನ ಕೂದಲು, ಕಪ್ಪು ದಾರ, ಕಬ್ಬಿಣದ ಕೊಕ್ಕೆ. ಈ ಸಾಮಾನುಗಳ ಪಟ್ಟಿ ಕೇಳಿದ ಯಾರಿಗಾದರೂ ಏನನ್ನಿಸುತ್ತದೆ ಹೇಳಿ? ಎರಡು ದಿನದಲ್ಲಿ ಓಣಿಯಿಡೀ ಸುದ್ದಿ: ಭಾವ ಮಾಟ ಕಲಿತಿದ್ದಾರೆ! ಅವರ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವವರು ಅಂದಿನಿಂದ ನಿಲ್ಲಿಸಲಿಲ್ಲ ಎನ್ನುವುದು ಇದರ ಲಾಭ. ಮೂರನೆಯ ದಿನ ಐಸಮ್ಮ ತಾವೇ ಬಂದು, ಶಾಂಪೂ ಹಾಕಿ ತೊಳೆದು ರಿಬ್ಬನ್ ಕಟ್ಟಿದ ಕೂದಲಿನ ಕುಚ್ಚೊಂದನ್ನು ಅಕ್ಕನ ಕೈಯಲ್ಲಿಟ್ಟು, "ಸಗಣಿ ಇತ್ತು, ಅದಕ್ಕೆ ತಡ ಆಯ್ತು. ಮಾಟವಾದರೂ ಕ್ಲೀನಾಗಿರ್ಲಿ," ಎಂದು ನಕ್ಕರು.

ಇಷ್ಟೆಲ್ಲ ನಾನು ಹೊರಗಿನಿಂದ ನೋಡಿ ನಗುತ್ತಿದ್ದವನು. ಒಳಗೆ ಬಿದ್ದದ್ದು ಕೈ ನಡುಗತೊಡಗಿದ ಮೇಲೆ. ಬೆಳ್ತಂಗಡಿಯ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಸಹಿ ಹಾಕುವಾಗ ಕೈ ನಡುಗುತ್ತಿತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನಿಮಗೆ ಏನೂ ಇಲ್ಲ, ಯೋಚನೆ ಕಡಿಮೆ ಮಾಡಿ," ಎಂದರು. ಯೋಚನೆ ಕಡಿಮೆ ಮಾಡುವುದು ಹೇಗೆ ಎಂಬ ಹೊಸ ಯೋಚನೆ ಅಂದಿನಿಂದ ಶುರು! ಭಾವ ಮಾತ್ರ ಔಷಧದ ಹೆಸರು ಕೇಳಲಿಲ್ಲ. ಒಂದು ಭಾನುವಾರ ನನ್ನನ್ನು ಮೇಜಿನ ಮುಂದೆ ಕೂರಿಸಿ, ಗಾಳವನ್ನು ಇಕ್ಕಳದಂತೆ ಕಚ್ಚಿ ಹಿಡಿಯುವ ಪುಟ್ಟ ವೈಸಿಗೆ ಸಿಕ್ಕಿಸಿ, "ಸುತ್ತು," ಎಂದರು. ಅಕ್ಕನ ಹಳೆಯ ಲಿಪ್‌ಸ್ಟಿಕ್ ಡಬ್ಬಿಗೆ ಕೂದಲು ಹಾಕಿ ಮೇಜಿಗೆ ಟಕ್ ಟಕ್ ಕುಟ್ಟಿದರೆ ತುದಿಗಳೆಲ್ಲ ಸಮ ಬರುತ್ತವೆ. ಆಮೇಲೆ ಕುಚ್ಚನ್ನು ಎರಡು ಪಾಲು ಮಾಡಿ, ನಡುವೆ ದಾರ ಹಾಯಿಸಿ ನಿಲ್ಲಿಸಬೇಕು. ಒಂದು ಕೂದಲು ಹೆಚ್ಚಾದರೂ ವಾಲುತ್ತದೆ. ಅಲ್ಲಿ ಕೂತವನಿಗೆ ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಯೋಚಿಸಲು ಜಾಗವೇ ಇರುವುದಿಲ್ಲ. ಎರಡು ಗಂಟೆ ಕಳೆದು ತಲೆ ಎತ್ತಿದರೆ, ನನ್ನ ಕೈ ಗೋಡೆಯಷ್ಟು ಸ್ಥಿರವಾಗಿತ್ತು!

ಒಂದೇ ತೊಂದರೆ. ನಾನು ಎಡಚ. ಎಲ್ಲರೂ ದಾರವನ್ನು ಒಂದು ಕಡೆಗೆ ಸುತ್ತಿದರೆ ನನ್ನದು ತದ್ವಿರುದ್ಧ. "ಟ್ರೌಟ್ ದಾರ ಬಿಚ್ಚಿ ನೋಡುವುದಿಲ್ಲ, ಸುತ್ತು ಮಾರಾಯ," ಎಂದರು ಭಾವ.

ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಆಪರೇಶನ್ ಎಂದರೆ, "ಈಗ ಬೇಡ, ಹುಳ ಕಟ್ಟಿ ಮುಗಿಯಲಿ," ಎಂದು ಎರಡು ವರ್ಷ ದೂಡಿದರು. ಅವರ ಹುಳಗಳ ರೆಕ್ಕೆಗಳು ಗಾಳಿಗೆ ಸಿಕ್ಕ ಕೊಡೆಯಂತಾದವು. ನೀರು ತುಂಬಿದ ಹರಿವಾಣಕ್ಕೆ ಬಿಟ್ಟರೆ ಮುಗುಚಿ ಬೀಳುತ್ತಿದ್ದವು. ಅವರಿಗೆ ಕಾಣುತ್ತಿರಲಿಲ್ಲ. "ತೇಲ್ತದಾ?" ಎಂದು ಕೇಳುತ್ತಿದ್ದರು. ನಾನು ಏನು ಹೇಳಬೇಕಿತ್ತು? "ದೋಣಿಯ ಹಾಗೆ, ಭಾವ!" ಎನ್ನುತ್ತಿದ್ದೆ. ಆಮೇಲೆ ಅವರು ಊಟ ಮಾಡಿ ಮಲಗಿದ ಮಧ್ಯಾಹ್ನ, ಒಂದೊಂದೇ ಹುಳವನ್ನು ಬಿಚ್ಚಿ, ಮತ್ತೆ ಕಟ್ಟಿ ಡಬ್ಬಿಯಲ್ಲಿಡುತ್ತಿದ್ದೆ. ಎರಡು ವರ್ಷ ಸ್ಕಾಟ್ಲೆಂಡಿಗೆ ಹಾರಿದ್ದೆಲ್ಲ ಎಡಕ್ಕೆ ಸುತ್ತಿದ ಹುಳಗಳೇ. ಇದೇ ನನ್ನ ಹದಿನಾರನೆಯ ಹೆದರಿಕೆ. ತಮ್ಮ ಕೈ ಸೋತದ್ದನ್ನು ನಾನು ತಮ್ಮಿಂದಲೇ ಮುಚ್ಚಿಟ್ಟೆನೆಂದು ಕಂಡರೆ ಆ ಮನುಷ್ಯ ಮತ್ತೆ ಆ ಮೇಜಿನ ಮುಂದೆ ಕೂರುತ್ತಾರೆಯೇ? ನನ್ನನ್ನು ಕೂರಿಸುತ್ತಾರೆಯೇ?

ಆಪರೇಶನ್ ದಿನ ಟಯರು ಪಂಕ್ಚರ್ ಆಗಲಿಲ್ಲ. ಸಕ್ಕರೆ ಏರಲಿಲ್ಲ. ಯಾರೂ ಸೀನಲಿಲ್ಲ. ಮರುದಿನ ಬ್ಯಾಂಡೇಜ್ ಬಿಚ್ಚಿದಾಗ ಭಾವ ಮೊದಲು ನನ್ನನ್ನು ನೋಡಿ, "ಎಂತ ಇಷ್ಟು ನರೆತಿದ್ದಿಯಾ!" ಎಂದರು. ಮನೆಗೆ ಬಂದವರೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಹುಳದ ಡಬ್ಬಿ ತೆರೆದು, ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಕೈ ನಡುಗಲು ಶುರುವಾಯಿತು.

"ಭಾವ, ನಾನು..."

"ಚಂದ ಉಂಟು," ಎಂದರು. "ನಾನು ಅಂದುಕೊಂಡದ್ದಕ್ಕಿಂತ ಚಂದ ಕಟ್ಟಿದ್ದಿಯಾ."

"ನಿಮಗೆ ಗೊತ್ತಿತ್ತಾ?"

"ಕಣ್ಣಿಗೆ ಪೊರೆ ಬಂದರೆ ಉಗುರಿಗೂ ಬರ್ತದಾ? ಸುತ್ತು ಯಾವ ಕಡೆಗೆ ಅಂತ ಮುಟ್ಟಿದ್ರೆ ಗೊತ್ತಾಗುವುದಿಲ್ಲವಾ ಮಾರಾಯ?" ಎಂದು ನಕ್ಕರು. ಒಳಗಿನಿಂದ ಅಕ್ಕ, "ಆ ಸ್ಕಾಟ್ಲೆಂಡಿನವರ ಮೆಸೇಜು ಮೊದಲ ವರ್ಷವೇ ಬಂದಿತ್ತು. ಎಡಗೈಯ ಶಿಷ್ಯನಿಗೂ ಥ್ಯಾಂಕ್ಸ್ ಹೇಳು ಅಂತ. ನಾನೇ ಓದಿ ಹೇಳಿದ್ದು," ಎಂದು ಸೇರಿಸಿದಳು.

ಅಂದರೆ ಬಂಟ್ವಾಳದಿಂದ ಸ್ಕಾಟ್ಲೆಂಡಿನವರೆಗೆ ಗೊತ್ತಿಲ್ಲದೆ ಉಳಿದವನು ನಾನೊಬ್ಬನೇ!

"ಹಾಗಾದ್ರೆ ಹೇಳಬೇಕಿತ್ತಲ್ಲ ಭಾವ? ಆಪರೇಶನ್ ಬೇಗ ಮಾಡಿಸಬಹುದಿತ್ತು."

ಭಾವ ಡಬ್ಬಿ ಮುಚ್ಚಿದರು. "ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ. ಮೇಜಿನಿಂದ ಎದ್ದು ಹೋಗುವಾಗ ನಿನ್ನ ಕೈ ನಡುಗ್ತಾ ಇರ್ಲಿಲ್ಲ. ಇನ್ನೊಂದು ವರ್ಷ ಹೋಗಲಿ ಅಂತ ನಾನೇ ದೂಡಿದೆ."

ನನಗೋಸ್ಕರ ಒಬ್ಬರು ಎರಡು ವರ್ಷ ಮಸುಕಿನಲ್ಲಿ ಕೂತಿದ್ದರು. ಅವರನ್ನು ಉಳಿಸುತ್ತಿದ್ದೇನೆಂದು ನಾನು ಬೀಗುತ್ತಿದ್ದೆ. ಕೃತಜ್ಞತೆ ಎಂಬ ಮಾತು ಕಚೇರಿಯ ಕಾಗದಗಳಲ್ಲಿ ಸುಲಭವಾಗಿ ಬರುತ್ತದೆ, ಬಾಯಲ್ಲಿ ಬರಲಿಲ್ಲ. "ಚಹಾ ಕುಡಿಯುವ," ಎಂದೆ.

ವೈದ್ಯರು ಹೇಳಿದ ವಿಶ್ರಾಂತಿ ಮುಗಿದ ಮರುದಿನವೇ ಭಾವ ಬೆಂಕಿಪೊಟ್ಟಣವೊಂದನ್ನು ನನ್ನ ಮುಂದಿಟ್ಟರು. ಹೊಸ ಕಣ್ಣಿನಲ್ಲಿ ಕಟ್ಟಿದ ಮೊದಲ ಹುಳ. ಮುಟ್ಟಿ ನೋಡಿದೆ. ದಾರ ಎಡಕ್ಕೆ ಸುತ್ತಿತ್ತು.

"ನಿನ್ನ ಕೈಯಲ್ಲಿ ಹೇಗಿರ್ತದೆ ನೋಡುವ ಅಂತ ಎಡಗೈಯಲ್ಲಿ ಕಟ್ಟಿದೆ," ಎಂದರು.

ಅಕ್ಕ ಹರಿವಾಣಕ್ಕೆ ನೀರು ಹಾಕಿದಳು. ಮೂವರೂ ಬಗ್ಗಿ ನೋಡಿದೆವು. ಐಸಮ್ಮನ ಕರುವಿನ ಬಿಳಿ ಕೂದಲಿನ ರೆಕ್ಕೆಗಳು ಒಂದು ಕ್ಷಣ ನೆಟ್ಟಗೆ ನಿಂತವು. ಆಮೇಲೆ ಹುಳ ಮೆಲ್ಲಗೆ ಬಲಕ್ಕೆ ವಾಲಿ, ಮುಗುಚಿ ಬಿತ್ತು.

"ತೇಲ್ತದಾ?" ಎಂದರು ಭಾವ, ಎಲ್ಲ ಕಾಣುತ್ತಿದ್ದರೂ.

"ದೋಣಿಯ ಹಾಗೆ, ಭಾವ," ಎಂದೆ.

ಅಷ್ಟುದ್ದದ ಪಟ್ಟಿಯ ಕೊನೆಗೆ ತಪ್ಪಿದ್ದು ಆ ಹುಳವೊಂದೇ.