ಮಾವನ ಆಪರೇಷನ್ನೂ ನಾನು ಹಾಕದ ಸಹಿಯೂ

ನಾನು ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವನು. ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾಗುವವರೆಗೂ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಆದರೆ ನಮ್ಮ ಕಸುಬಿನ ಒಂದು ಗುಟ್ಟನ್ನು ಈಗ ಹೇಳಿಬಿಡುತ್ತೇನೆ. ಮೇಷ್ಟ್ರುಗಳು ಕೇಳುವುದು ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು, ಅದೂ ನಮಗಿಂತ ಹೆಚ್ಚು ತಿಳಿದವರನ್ನು ಕೇಳಬೇಕಾಗಿ ಬಂದರೆ ನಮ್ಮ ನಾಲಿಗೆ ಹಿಂದಿನ ಬೆಂಚಿಗೆ ಹೋಗಿ ಕೂತುಬಿಡುತ್ತದೆ. ಒಂದು ಸಲ ಹಾರೋಹಳ್ಳಿಯಲ್ಲಿ, ಬಸ್ಸು ಯಾವಾಗ ಹೊರಡುತ್ತದೆಂದು ಕೇಳಲು ಸಂಕೋಚಪಟ್ಟುಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು ಒಂದು ಗಂಟೆ ಗಂಭೀರವಾಗಿ ಕೂತಿದ್ದೆ. ಕೊನೆಗೆ ಕಸ ಗುಡಿಸಲು ಹತ್ತಿದವನು, "ಯಾಕ್ ಸಾ ಕೂತಿದ್ದೀರಾ? ಇದು ಕೆಟ್ಟು ನಿಂತು ಎರಡು ದಿನ ಆಯ್ತು" ಎಂದ. ಇಂಥ ನಾನು ಒಂದು ಆಸ್ಪತ್ರೆಯೊಳಗೆ ಹಟ ಹಿಡಿದು ಕೂತೆ ಎಂದರೆ ನನ್ನ ಹೆಂಡತಿ ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಅದು ನಮ್ಮ ಕಡೆ ರೇಷ್ಮೆಗೆ ಬೆಲೆ ಬಂದು ಜನ ರಾಗಿ ಹೊಲವನ್ನೆಲ್ಲ ಹಿಪ್ಪುನೇರಳೆ ತೋಟ ಮಾಡುತ್ತಿದ್ದ ಕಾಲ. ಕಬ್ಬಾಳಿನ ಆಚೆಯ ಹಳ್ಳಿಯ ನನ್ನ ಮಾವ ಚಿಕ್ಕಬೀರಯ್ಯನವರೂ ಕುರಿಗಳ ಜೊತೆಗೆ ಹುಳ ಸಾಕಲು ಶುರುಮಾಡಿದ್ದರು. ಆಮೇಲೆ ಕುರಿಗಳೇ ಹುಳಗಳ ಜೊತೆಗೆ ಬದುಕಿಕೊಂಡವು ಎನ್ನಿ. ನೆಂಟರು ಬಂದರೆ ನಡುಮನೆ ಹುಳಗಳಿಗೆ, ಜಗಲಿ ನೆಂಟರಿಗೆ. ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಹುಳಕ್ಕೆ ಘಾಟು ಆಗದು. ಬೀಡಿ ಸೇದುವ ಹಾಗಿಲ್ಲ. ಮದುವೆಯ ಲಗ್ನವನ್ನೂ ಹುಳದ ಲೆಕ್ಕ ನೋಡಿಯೇ ಇಡುತ್ತಿದ್ದರು. ನನ್ನ ಮದುವೆಯಲ್ಲಿ ಧಾರೆ ಎರೆದ ಮಾವನ ಕೈ ಇನ್ನೂ ಒದ್ದೆಯಿರುವಾಗಲೇ ಸೊಪ್ಪು ಕೊಯ್ಯಲು ಹೋಗಿತ್ತು. ನಮ್ಮ ಕಡೆಯವರು ಬೇಜಾರು ಮಾಡಿಕೊಂಡಾಗ ಅತ್ತೆ, "ಮಗಳ್ನ ಕೊಟ್ಟಾಯ್ತಲ್ಲ, ಇನ್ನು ಹುಳ ಉಪಾಸ ಕೆಡವಬೇಕಾ?" ಎಂದು ಕೇಳಿದ್ದರಂತೆ.

ಇಂಥ ಮಾವನಿಗೆ ಕಿಬ್ಬೊಟ್ಟೆಯ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ನಿಂತರೆ ಹೊರಗೆ, ಮಲಗಿದರೆ ಒಳಗೆ. ಸೊಪ್ಪಿನ ಹೊರೆ ಹೊತ್ತು ಹೊತ್ತು ಆದದ್ದು. ವರ್ಷವೆಲ್ಲ ಅದನ್ನು ಯಾರಿಗೂ ಹೇಳದೆ ಪಂಚೆಯ ಕೆಳಗೆ ಒಂದು ಬಟ್ಟೆ ಬಿಗಿದುಕೊಂಡು ಓಡಾಡಿದ್ದರು. ಒಂದು ದಿನ ಗಂಟು ಬಹಳ ಹೊತ್ತು ಒಳಗೆ ಹೋಗಲಿಲ್ಲ, ನೋವು ಹೆಚ್ಚಾಯಿತು. ನನಗೆ ಹೇಳಿ ಕಳಿಸಿದರು. ನಾನು ರಜೆ ಹಾಕಿ ಅವರನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಊರು, ಹೆಸರು ಬೇಡ. ಹರ್ನಿಯಾ, ಆಪರೇಷನ್ ಆಗಬೇಕು, ಸೇರಿಸಿಕೊಳ್ಳುತ್ತೇವೆ ಎಂದರು. ಅತ್ತೆ ಬರುವ ಹಾಗಿರಲಿಲ್ಲ, ಹುಳ ಬಿಟ್ಟು ಯಾರು ಬರುತ್ತಾರೆ? ಹೀಗಾಗಿ ರೋಗಿಯ ಕಡೆಯವನು ಎಂದು ನಾನೊಬ್ಬನೇ.

ಮೊದಲ ದಿನ ಚೀಟಿ ಬರೆಸಲು ಸಾಲಿನಲ್ಲಿ ನಿಂತು ನಾನು ವಾಪಸು ಬರುವ ಹೊತ್ತಿಗೆ, ಮಂಗಳೂರು ಕಡೆಯ ಒಬ್ಬ ಎಳೆಯ ಡಾಕ್ಟರು ಮಾವನ ಮಂಚದ ಪಕ್ಕ ನಿಂತು ಏನೇನೋ ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಇಂಗ್ಲಿಷಿನಲ್ಲಿ, "ಇವರು ಹೇಳುತ್ತಿರುವುದು ಸರಿಯೇ?" ಎಂದರು. ಮಾವ ಏನು ಹೇಳಿದ್ದರೆಂದು ನನಗೆ ಗೊತ್ತಿರಲಿಲ್ಲ. "ಏನು ಹೇಳಿದರು?" ಎಂದು ಕೇಳಬಹುದಿತ್ತು. ಆದರೆ ಮಾವನ ಎದುರಿಗೆ ಅವರ ಮಾತನ್ನು ಅನುಮಾನಿಸುವ ಅಳಿಯ ಎಲ್ಲಾದರೂ ಇದ್ದಾನೆಯೇ? ಅಲ್ಲದೆ ವಾರ್ಡಿನ ಹತ್ತು ಜನ ಕೇಳುವಂತೆ ಇಂಗ್ಲಿಷಿನಲ್ಲಿ ಮಾತಾಡುವ ಅವಕಾಶ ದಿನವೂ ಬರುವುದಿಲ್ಲ. "ಎಸ್ ಸರ್, ಹಂಡ್ರೆಡ್ ಪರ್ಸೆಂಟ್" ಎಂದೆ. ಡಾಕ್ಟರು ಬರೆದುಕೊಂಡು ಹೋದರು. ಮಾವ ಪಕ್ಕದ ಮಂಚದವರಿಗೆ, "ನಮ್ಮ ಅಳೀಮಯ್ಯ ಇಂಗ್ಲೀಸು ಮೇಷ್ಟ್ರು" ಎಂದು ಪರಿಚಯ ಮಾಡಿಕೊಟ್ಟರು.

ನಾಳೆ ಬೆಳಗ್ಗೆ ಆಪರೇಷನ್, ಒಂದು ತೊಟ್ಟು ನೀರೂ ಕುಡಿಯಬಾರದು ಎಂದು ಹೇಳಿದರು. ಮಾವ ಕುಡಿಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಿಸ್ಟರು ಬಂದು, "ಇವತ್ತಿಲ್ಲ, ಊಟ ಮಾಡ್ಲಿ" ಎಂದರು. ಯಾಕೆ ಎಂದೆ. "ಡಾಕ್ಟ್ರುನ್ನ ಕೇಳಿ." ಎಳೆಯ ಡಾಕ್ಟರನ್ನು ಹುಡುಕಿಕೊಂಡು ಹೋದೆ. "ಅದು ದೊಡ್ಡ ಡಾಕ್ಟರು ಹೇಳಬೇಕು. ನೀವು ಸಿಸ್ಟರ್ ಹತ್ರ ಇರಿ, ಅವರು ಹೇಳ್ತಾರೆ." ದೊಡ್ಡ ಡಾಕ್ಟರು ವಾರ್ಡಿನಲ್ಲಿ ನಡೆದುಹೋಗುವಾಗ ಹಿಂದೆ ಓಡಿದೆ. ಅವರು ನಡಿಗೆ ನಿಲ್ಲಿಸದೆ, "ನಾಳೆ ನೋಡೋಣ" ಎಂದರು. ಅದರ ಮರುದಿನವೂ ಬೆಳಗ್ಗೆ ಉಪವಾಸ, ಮಧ್ಯಾಹ್ನ "ಇವತ್ತಿಲ್ಲ". ನಡುವೆ ಒಬ್ಬರು ಬಂದು ರಕ್ತ ತೆಗೆದುಕೊಂಡು ಹೋದರು. ಇನ್ನೊಬ್ಬರು ಬಂದು ಮತ್ತೆ ತೆಗೆದುಕೊಂಡು ಹೋದರು. ಯಾತಕ್ಕೆಂದು ಕೇಳಿದರೆ "ಟೆಸ್ಟಿಗೆ" ಎಂದರು. ನನ್ನ ಶಾಲೆಯಲ್ಲಿ ಯಾವ ಹುಡುಗನಾದರೂ "ಪರೀಕ್ಷೆ ಯಾತಕ್ಕೆ ಸಾರ್" ಎಂದು ಕೇಳಿದರೆ ನಾನು ಕೊಡುತ್ತಿದ್ದ ಉತ್ತರ ಇದಕ್ಕಿಂತ ಉತ್ತಮವಾಗಿರಲಿಲ್ಲ ಎನ್ನುವುದು ಆಗ ಒಂದು ಕ್ಷಣ ಹೊಳೆದು, ಬೇಗ ಮರೆತುಹೋಯಿತು.

ಮಾವನಿಗೆ ತಮ್ಮ ಹಸಿವಿನ ಚಿಂತೆಗಿಂತ ಹುಳಗಳ ಹಸಿವಿನ ಚಿಂತೆ. ಗೂಡು ಕಟ್ಟುವ ಮುಂಚಿನ ಆ ಕೊನೆಯ ವಾರದಲ್ಲಿ ಅವು ಹಗಲೂ ಇರುಳೂ ಮೇಯುತ್ತವೆ. ತಟ್ಟೆಗಳ ಹತ್ತಿರ ನಿಂತರೆ ಮಳೆ ಬಂದ ಹಾಗೆ ಸದ್ದು. "ಅವು ಹೊಟ್ಟೆ ತುಂಬ ತಿನ್ನೋ ಹೊತ್ನಲ್ಲಿ ನಾನಿಲ್ಲಿ ಉಪಾಸ ಕೂತಿವ್ನಿ. ಅದೂ ಯಾವ ದೇವ್ರಿಗೆ ಅಂತ ಗೊತ್ತಿಲ್ಲ" ಎಂದರು. ಉಪವಾಸದ ಮೂರನೆಯ ದಿನ ಮಧ್ಯಾಹ್ನ ಸಿಸ್ಟರು ಮತ್ತೆ "ಇವತ್ತಿಲ್ಲ" ಎಂದಾಗ ಮಾವ ಎದ್ದು ಅಂಗಿ ಹಾಕಿಕೊಂಡರು. ಗಂಟಿನ ಮೇಲೆ ಒಂದು ಕೈ, ಚೀಲದ ಮೇಲೆ ಇನ್ನೊಂದು.

"ಎಲ್ಲಿಗೆ ಮಾವ?"

"ಊರಿಗೆ. ಇಲ್ಲಿ ನನ್ನ ಕೇಳೋರಿಲ್ಲ, ಅಲ್ಲಿ ಹುಳ ಕೇಳ್ತವೆ. ಫಸಲು ಮುಗಿಸ್ಕಂಡು ಬತ್ತೀನಿ."

"ನೋವಿದೆಯಲ್ಲ."

"ಒಸಿ ನೋವು ಐತೆ. ವರ್ಷದಿಂದ ಐತೆ. ಇನ್ನು ನಾಕ್ ದಿನ ಇರ್ಲಿ ಬುಡಿ."

ಸಿಸ್ಟರು ಗಾಬರಿಯಾಗಲಿಲ್ಲ. ಒಂದು ಮುದ್ರಿತ ಕಾಗದ ತಂದು, "ನೀವಾಗಿ ನೀವೇ ಹೋಗ್ತಿದ್ದೀರಾ ಅಂತ ಒಂದ್ ಸೈನ್ ಹಾಕ್ಬುಡಿ" ಎಂದರು. ನನ್ನ ಕೈಗೆ ಪೆನ್ನು ಕೊಟ್ಟರು. ಸಹಿ ಹಾಕುವ ಮುಂಚೆ ಓದುವುದು ನನ್ನ ದುರಭ್ಯಾಸ. ಇಂಗ್ಲಿಷಿನಲ್ಲಿತ್ತು. "ಹೀಗೆ ಹೋಗುವುದರಿಂದ ಆಗಬಹುದಾದ ಪರಿಣಾಮಗಳನ್ನು ನಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ" ಎಂಬ ಅರ್ಥದ ವಾಕ್ಯ. ಎರಡು ಸಲ ಓದಿದೆ. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಆದರೆ ಸುಳ್ಳು. ಮೂರು ದಿನದಲ್ಲಿ ನಮಗೆ ಯಾರೂ ಯಾವ ಭಾಷೆಯಲ್ಲೂ ಏನನ್ನೂ ವಿವರಿಸಿರಲಿಲ್ಲ. ನನಗೆ ಧೈರ್ಯ ಎಲ್ಲಿಂದ ಬಂತೋ ಕಾಣೆ. ವೈದ್ಯಶಾಸ್ತ್ರದಲ್ಲಿ ನಾನು ದಡ್ಡನಿರಬಹುದು, ಆದರೆ ಒಂದು ಇಂಗ್ಲಿಷ್ ವಾಕ್ಯ ನಿಜವೋ ಸುಳ್ಳೋ ಎಂದು ಹೇಳುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

"ಸಿಸ್ಟರ್, ಈ ವಾಕ್ಯ ನಿಜ ಆಗಲಿ, ಸಹಿ ಹಾಕುತ್ತೇನೆ" ಎಂದೆ.

"ಎಲ್ರೂ ಹಾಕ್ತಾರೆ ಸಾರ್."

"ಎಲ್ಲರೂ ಓದಿರುವುದಿಲ್ಲ."

ಮಾವನಿಗೆ, "ಅರ್ಧ ಗಂಟೆ ಕೂತಿರಿ" ಎಂದು ಹೇಳಿ, ಒಂದು ಸ್ಟೂಲು ಎತ್ತಿಕೊಂಡು ಹೋಗಿ ದೊಡ್ಡ ಡಾಕ್ಟರ ಕೋಣೆಯ ಬಾಗಿಲ ಎದುರಿಗೆ ಹಾಕಿ ಕೂತೆ. ಕಾಗದ ಮಡಿಲಲ್ಲಿ, ಪೆನ್ನು ಕೈಯಲ್ಲಿ. ಬಂದವರೆಲ್ಲ ಏಳಿ ಎಂದರು. ಒಬ್ಬರು ಸ್ಟೂಲು ಆಸ್ಪತ್ರೆಯದು ಎಂದರು. ಎದ್ದು ಸ್ಟೂಲು ಕೊಟ್ಟು ನೆಲದ ಮೇಲೆ ಕೂತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ದಾರಿಯಲ್ಲಿ ಬಂದು, ನನ್ನನ್ನು ನೋಡಿ, ನೋಡದವನಂತೆ ಗೋಡೆಯ ಕಡೆ ತಿರುಗಿ ಹೋದ. ಮುಖ ಬಿಸಿಯಾಯಿತು, ಏಳಲಿಲ್ಲ. ಅರ್ಧ ಗಂಟೆ ಹೋಗಿ ಒಂದೂವರೆ ಗಂಟೆಯಾಯಿತು. ದೊಡ್ಡ ಡಾಕ್ಟರು ಆಪರೇಷನ್ ಕೋಣೆಯಿಂದ ಬಂದರು. ಬೆಳಗ್ಗೆಯಿಂದ ನಿಂತೇ ಇದ್ದವರ ಮುಖ. ಬೈಯುತ್ತಾರೆಂದುಕೊಂಡೆ. ನನ್ನ ಕೈಯಲ್ಲಿದ್ದ ಕಾಗದ ನೋಡಿ, ನಾನು ಬೆರಳಿಟ್ಟು ತೋರಿಸಿದ ವಾಕ್ಯ ಓದಿ, "ಬನ್ನಿ" ಎಂದು ವಾರ್ಡಿಗೆ ಹೊರಟರು.

ಮಾವನ ಮಂಚದ ಮೇಲೆ ಕೂತು ಅವರು ಒಂದು ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದರು. "ಗೌಡ್ರೇ, ಇದು ನಿಮ್ಮ ಕರುಳು. ಇಲ್ಲಿ ಸಂದಿಯಲ್ಲಿ ಹೊರಗೆ ಬಂದಿದೆ. ಒಳಗೆ ಹೋಗ್ತಾ ಇರೋವರೆಗೂ ಪರವಾಗಿಲ್ಲ. ಸಿಕ್ಕಿಹಾಕ್ಕೊಂಡ್ರೆ ರಕ್ತ ಓಡಲ್ಲ, ಕೊಳೆಯುತ್ತೆ. ಊರಲ್ಲಿ ಹಾಗಾದ್ರೆ ನೀವು ಇಲ್ಲಿಗೆ ಬರೋಷ್ಟರಲ್ಲಿ ಜೀವ ಉಳಿಯೋದು ಕಷ್ಟ."

ಮಾವ ಚಿತ್ರವನ್ನು ನೋಡಿದರು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. "ಇದ ಮೊದ್ಲೇ ಹೇಳಿದ್ರೆ ಅಂಗಿ ಯಾಕ್ ಹಾಕ್ಕತಿದ್ದೆ ಸ್ವಾಮಿ" ಎಂದರು.

ನಾನು ಬಿಡಲಿಲ್ಲ. "ಅಷ್ಟು ಅಪಾಯವಿದ್ದರೆ ಮೂರು ದಿನ ಯಾಕೆ ಮುಂದೆ ಹಾಕಿದಿರಿ?" ಎಂದೆ.

"ಜ್ವರದ ಮೇಲೆ ಹೇಗೆ ಮಾಡೋದು ಮೇಷ್ಟ್ರೇ? ನಾಲ್ಕು ಸಲ ಜ್ವರ ಬಂದಿದೆ. ಯಾವ ಜ್ವರ ಅಂತ ಗೊತ್ತಾಗ್ತಿಲ್ಲ. ರಕ್ತದಲ್ಲಿ ಏನೂ ಸಿಗ್ತಿಲ್ಲ."

"ಯಾರಿಗೆ ಜ್ವರ?" ಎಂದು ಮಾವ ಕೇಳಿದರು.

"ನಿಮಗೇ. ನೀವೇ ಹೇಳಿದ್ದೀರಲ್ಲ, ನಾಲ್ಕನೇ ಜ್ವರ ಈಗ ಬಿಟ್ಟಿದೆ ಅಂತ."

"ಅದು ಹುಳಕ್ಕೆ ಸ್ವಾಮಿ" ಎಂದರು ಮಾವ.

ಗೊತ್ತಿಲ್ಲದವರಿಗೆ ಹೇಳಬೇಕು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು, ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಎಳೆಯ ಡಾಕ್ಟರು ಮೊದಲ ದಿನ, "ಜ್ವರ ಉಂಟಾ?" ಎಂದು ಕೇಳಿದ್ದಾರೆ. ಮನೆಯನ್ನೇ ಯೋಚಿಸುತ್ತಿದ್ದ ಮಾವ, ಎಷ್ಟು ಒಳ್ಳೆಯ ಡಾಕ್ಟರು, ಹುಳದ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಎಂದುಕೊಂಡು, "ನಾಕ್ನೇ ಜ್ವರ ಎದ್ದೈತೆ ಸ್ವಾಮಿ, ಇನ್ನೇನ್ ಭಯ ಇಲ್ಲ" ಎಂದಿದ್ದಾರೆ.

ಸಿಸ್ಟರು ಬಾಯಿಗೆ ಸೆರಗು ಹಿಡಿದು ಗೋಡೆ ಕಡೆ ತಿರುಗಿದರು. ನಗು ತಡೆದುಕೊಂಡು, "ಡಾಕ್ಟ್ರೇ, ನಮ್ಮನೇಲೂ ಹುಳ ಮೇಯಿಸ್ತೀವಿ. ದಿನಾ ಮೂರೊತ್ತು ಇವರಿಗೆ ಥರ್ಮಾಮೀಟರ್ ಇಟ್ಟು ಬರ್ದಿದ್ದೀನಿ, ಒಂದ್ಸಲಾನೂ ಜ್ವರ ಇಲ್ಲ. ಯಾರೂ ನನ್ನ ಕೇಳ್ಲಿಲ್ಲ" ಎಂದರು. ದೊಡ್ಡ ಡಾಕ್ಟರು ಹಾಳೆ ತಿರುವಿದರು. ಸಿಸ್ಟರು ಬರೆದದ್ದು ಅಲ್ಲೇ ಇತ್ತು. ಮೊದಲ ಹಾಳೆಯಲ್ಲಿ, ನಾಲ್ಕು ಸಲ ಜ್ವರ ಎಂಬ ಸಾಲಿನ ಕೆಳಗೆ ಎಳೆಯ ಡಾಕ್ಟರ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲೂ ಇತ್ತು: "ಅಳಿಯ, ವಿದ್ಯಾವಂತರು, ದೃಢಪಡಿಸಿದ್ದಾರೆ." ಅವರು ಅದನ್ನು ಗಟ್ಟಿಯಾಗಿ ಓದದೆ ನನ್ನ ಕಡೆ ತಿರುಗಿಸಿ ತೋರಿಸಿದರು. ನಾನು ನನ್ನ ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಮಡಿಚಿ ಜೇಬಿಗಿಟ್ಟುಕೊಂಡೆ.

ಮಾರನೆಯ ಬೆಳಗ್ಗೆ ಆಪರೇಷನ್ ಆಯಿತು. ಕರುಳು ಸಿಕ್ಕಿಹಾಕಿಕೊಂಡು ಆಗಲೇ ಸ್ವಲ್ಪ ಕಪ್ಪಾಗುತ್ತ ಬಂದಿತ್ತು, ಬಿಡಿಸಿದ ಮೇಲೆ ಬಣ್ಣ ತಿರುಗಿತು, ಇನ್ನೊಂದು ದಿನ ತಡವಾಗಿದ್ದರೆ ಹೇಳುವುದಕ್ಕಾಗುತ್ತಿರಲಿಲ್ಲ ಎಂದು ದೊಡ್ಡ ಡಾಕ್ಟರು ಹೊರಗೆ ಬಂದು, ನಾನು ಕೇಳುವ ಮೊದಲೇ, ನಿಂತು ಹೇಳಿದರು. ಎಳೆಯ ಡಾಕ್ಟರು ಸಂಜೆ ಬಂದು ಮಾವನ ಪಕ್ಕ ಕೂತು, ಹುಳಕ್ಕೆ ಇನ್ನೂ ಏನೇನು ಉಂಟು ಎಂದು ಕೇಳಿ ತಿಳಿದುಕೊಂಡರು. ಹೊಲಿಗೆ ಬಿಚ್ಚಿ ನಾವು ಊರಿಗೆ ಹೋದಾಗ ಅತ್ತೆ ಅಕ್ಕಪಕ್ಕದವರ ಕೈಲಿ ಹುಳಗಳನ್ನೆಲ್ಲ ಗೂಡು ಕಟ್ಟಲು ಚಂದ್ರಿಕೆಗೆ ಬಿಡಿಸಿ ಆಗಿತ್ತು. ಬಿದಿರಿನ ಸುತ್ತುಗಳ ತುಂಬ ಗೂಡು. ಮಾವ ಬಾಗಿಲಲ್ಲೇ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಹಳ ಹೊತ್ತು ನೋಡಿದರು.

ಆಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಎಲ್ಲರಿಗೂ ಒಂದೇ ಪ್ರಶ್ನೆ: ಏನಾಗಿತ್ತು, ಏನು ಮಾಡಿದರು? ಜಗಲಿಯ ಮೇಲೆ ಕೂತು ನಾನು ಮೊದಲ ಗುಂಪಿಗೆ ಮುಕ್ಕಾಲು ಗಂಟೆ ವಿವರಿಸಿದೆ. ಎರಡನೆಯ ಗುಂಪಿಗೆ ಅರ್ಧ ಗಂಟೆ. ಮಧ್ಯಾಹ್ನದ ಹೊತ್ತಿಗೆ ಬಂದವರಿಗೆ, "ಕರುಳು ಇಳಿದಿತ್ತು, ಹೊಲಿದರು" ಎಂದಷ್ಟೇ. ಸಂಜೆ ನನ್ನ ಹೆಂಡತಿಯ ಸೋದರತ್ತೆ ನಿಂಗಮ್ಮ, ಎಂಬತ್ತು ದಾಟಿದವರು, ಕೋಲೂರಿಕೊಂಡು ಎರಡು ಮೈಲಿ ನಡೆದು ಬಂದರು. "ನನ್ ತಮ್ಮನಿಗೆ ಏನಾಗಿತ್ತಪ್ಪ?" ಎಂದರು. ನಾನು ಬಸ್ಸಿನ ಹೊತ್ತಾಯಿತೆಂದು ಎದ್ದು ಚಪ್ಪಲಿ ಹುಡುಕುತ್ತಿದ್ದೆ. "ಏನಿಲ್ಲ ಅಜ್ಜಿ, ಎಲ್ಲ ಸರಿಹೋಗಿದೆ. ಒಳಗೆ ಮಾವನನ್ನೇ ಕೇಳಿ" ಎಂದೆ.

ನಿಂಗಮ್ಮ ಒಳಗೆ ಹೋಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ನಾನು ಇಳಿಯಬೇಕಾದ ಮೆಟ್ಟಿಲ ಮೇಲೆಯೇ ಕಾಲು ನೀಡಿ ಕೂತರು. "ಅವ್ನಿಗೇನ್ ಗೊತ್ತು, ಮಲಗಿದ್ದೋನು. ನೀನ್ ಹೇಳು. ನಂಗೇನ್ ಬಿರ್‍ನೆ ಇಲ್ಲ" ಎಂದರು.

ಬಸ್ಸು ಹೋಯಿತು. ನಾನು ಚಪ್ಪಲಿ ಬಿಟ್ಟು, ಅವರ ಪಕ್ಕ ಕೂತು, ಹೊರೆ ಹೊತ್ತದ್ದರಿಂದ ಹಿಡಿದು ಹೊಲಿಗೆ ಬಿಚ್ಚಿದ್ದರ ತನಕ ಒಂದನ್ನೂ ಬಿಡದೆ ಹೇಳಿದೆ, ಹಂಡ್ರೆಡ್ ಪರ್ಸೆಂಟ್ ಎಂದದ್ದನ್ನೂ ಸೇರಿಸಿ. ಅಜ್ಜಿ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕೋಲು ತೆಗೆದುಕೊಂಡು ಏಳುತ್ತ, "ಅಷ್ಟೇಯಾ? ಈಟು ಹೇಳಾಕೆ ನಿಮ್ಮೆಲ್ರಿಗೂ ಏನ್ ಕಷ್ಟ ಆಗಿತ್ತಪ್ಪ?" ಎಂದರು.